ಪೊರಕೆಕಡ್ಡಿಯ ನಕ್ಷತ್ರ

"ಪ್ಲಗ್ ಕಿತ್ತಿದ್ದು ಯಾರು?!"

ಬಿಂದುಶ್ರೀ ಕೂಗಿದ ರಭಸಕ್ಕೆ ಪಾರ್ಕಿಂಗ್‌ನಲ್ಲಿ ಮಲಗಿದ್ದ ಬೆಕ್ಕು ಎದ್ದು ಗೇಟಿನಾಚೆ ಓಡಿತು. ಸ್ಕೂಟರಿನ ಪಕ್ಕ ನಿಂತಿದ್ದ ಯುವಕ ಮಾತ್ರ ಅಲ್ಲೇ ನಿಂತಿದ್ದ.

"ನಾನೇ ಮೇಡಂ. ಸ್ಕೂಟರ್ ಚಾರ್ಜ್‌ಗೆ ಹಾಕ್ದೆ. ಯಾಕೆ?"

"ಯಾಕಾ?! ಅರ್ಧ ಗಂಟೆಯಿಂದ ಒಂದೊಂದೇ ಬಲ್ಬ್ ತಿರುಗಿಸ್ತಾ ಇದೀನಿ, ಯಾವುದು ಹೋಗಿದೆ ಅಂತ... ಇಲ್ಲಿ ನೋಡಿದ್ರೆ ಪ್ಲಗ್ಗೇ ಇಲ್ಲ!"

ಅವನು ನೆಲದ ಮೇಲೆ ಬಿದ್ದಿದ್ದ ಪ್ಲಗ್ ನೋಡಿದ. ಅವಳ ಕೊರಳಿಗೆ ಹಾರದಂತೆ ಸುತ್ತಿಕೊಂಡಿದ್ದ ಸೀರಿಯಲ್ ಸೆಟ್ ನೋಡಿದ. ನಗು ತಡೆಯಲು ಹೋಗಿ ಸೋತ.

"ಸಾರಿ ಮೇಡಂ... ಬಲ್ಬ್‌ಗಿಂತ ಮುಂಚೆ ಪ್ಲಗ್ ನೋಡ್ಬಹುದಿತ್ತಲ್ವಾ?"

ಎಂಥ ಕೊಬ್ಬು! ಬಾಡಿಗೆಗೆ ಬಂದು ವಾರ ಆಗಿಲ್ಲ, ಓನರ್ ಮಗಳಿಗೇ ಬುದ್ಧಿ ಹೇಳ್ತಾನೆ! ಬಿಂದು ಮನಸ್ಸಿನಲ್ಲೇ ಹಲ್ಲು ಕಡಿದಳು. ಆದರೆ ತಪ್ಪು ತನ್ನದೂ ಇತ್ತಲ್ಲ, ಮುಖ ಕೆಂಪಾಯಿತು.

ಪ್ರೀತಿ ಹುಟ್ಟಲು ಒಳ್ಳೆಯ ಜಾಗ ಬೇಕೆನ್ನುವವರು ಲಾಲ್‌ಬಾಗಿಗೆ ಹೋಗುತ್ತಾರೆ. ಇವರದು ಸುದ್ದಗುಂಟೆಪಾಳ್ಯದ ಮೂರಂತಸ್ತಿನ ಮನೆಯ ಪಾರ್ಕಿಂಗ್‌ನಲ್ಲಿ, ಇದ್ದೊಂದು ಪ್ಲಗ್ ಪಾಯಿಂಟಿನ ಮುಂದೆ, ಜಗಳದಿಂದ ಶುರುವಾಯಿತು.

ಮನೆ ಬೋರಣ್ಣನದು. ಅವರಪ್ಪ ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ಬೆಳೆಯುತ್ತದೆ. ಕೆಳಗಿನ ಎರಡು ರೂಮಿನಲ್ಲಿ ಮಗಳು ಬಿಂದು 'ಚಿಲಿಪಿಲಿ' ಎಂಬ ಪ್ಲೇ ಹೋಮ್ ನಡೆಸುತ್ತಿದ್ದಳು. ನೋಡಲು ಬಂದ ಗಂಡಿನ ಕಡೆಯವರೆಲ್ಲ ತಿಂಡಿ ತಿಂದು ಹೇಳುತ್ತಿದ್ದದ್ದು ಒಂದೇ ಮಾತು, "ಮದುವೆ ಆದ್ಮೇಲೆ ಇದೆಲ್ಲ ಯಾಕಮ್ಮ?" ಆ ಮಾತು ಕೇಳಿ ಕೇಳಿ ಬಿಂದುವಿಗೆ ಮದುವೆಯೆಂದರೇ ಭಯ ಹುಟ್ಟಿತ್ತು.

ಈ ಸಲ ಕ್ರಿಸ್‌ಮಸ್ ಮಾಡೋಣವೆಂದು ಮಕ್ಕಳಿಗೆ ಮಾತು ಕೊಟ್ಟಿದ್ದಳು. ಬೋರಣ್ಣ ಒಪ್ಪಿದ್ದು ಒಂದು ಷರತ್ತಿನ ಮೇಲೆ. "ಏನ್ ಬೇಕಾದ್ರೂ ಮಾಡ್ಕೊ. ಅಂಗಡಿಯಿಂದ ಒಂದು ಸಾಮಾನೂ ತರಂಗಿಲ್ಲ!"

ಹೀಗಾಗಿಯೇ ಅಟ್ಟದ ಮೇಲಿದ್ದ ಗಣೇಶನ ಹಬ್ಬದ ಸೀರಿಯಲ್ ಸೆಟ್ಟುಗಳು ಡಿಸೆಂಬರಿನಲ್ಲಿ ಕೆಳಗಿಳಿದಿದ್ದವು.

ಮೇಲಿನ ಮನೆಯ ಹುಡುಗನ ಹೆಸರು ಬಸವಪ್ರಸಾದ್. ತಿಪಟೂರಿನವನು. ಜಯನಗರದ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ. ತಪ್ಪಿಗೆ ಪ್ರಾಯಶ್ಚಿತ್ತ ಎನ್ನುತ್ತಾ ಮರುದಿನ ಸಂಜೆ ಕತ್ತರಿ ಹಿಡಿದು ಪ್ಲೇ ಹೋಮಿನ ಬಾಗಿಲಿಗೆ ಬಂದ.

"ಏನ್ ಮಾಡ್ಬೇಕು ಹೇಳಿ."

"ಬುದ್ಧಿ ಹೇಳ್ಬಾರ್ದು, ಅಷ್ಟೇ."

ಆಮೇಲೆ ಬಂದ ಸಂಜೆಗಳಲ್ಲಿ ಮೊಟ್ಟೆ ಟ್ರೇಗಳು ಗಂಟೆಗಳಾದವು. ಉಪ್ಪಿನಕಾಯಿ ಬಾಟಲಿಯೊಳಗೆ ಪುಟ್ಟ ದೀಪದ ಸರ ಇಳಿದು ಲಾಟೀನಾಯಿತು. ಬಿಂದುವಿನ ಅಮ್ಮ ಬೈರಮ್ಮನ ಹಳೆಯ ಗಾಜಿನ ಬಳೆಗಳು ಉಣ್ಣೆ ದಾರ ಸುತ್ತಿಸಿಕೊಂಡು ಕಿಟಕಿಯಲ್ಲಿ ತೂಗಿದವು. ಸ್ಟಾರ್‌ಗೆ ಮಾತ್ರ ಏನೂ ಸಿಗಲಿಲ್ಲ.

"ತೆಂಗಿನಕಡ್ಡಿ ಇದ್ರೆ ಮಾಡ್ಬಹುದು. ಮೇಲೆ ಬಟರ್ ಪೇಪರ್ ಅಂಟಿಸಿ, ಒಳಗೆ ಲೈಟ್ ಬಿಟ್ರೆ ಸಖತ್ತಾಗಿರುತ್ತೆ," ಎಂದ ಪ್ರಸಾದ್.

ಇಬ್ಬರೂ ಏಕಕಾಲಕ್ಕೆ ಮೂಲೆಯಲ್ಲಿದ್ದ ಪೊರಕೆಯನ್ನು ನೋಡಿದರು.

ಬೈರಮ್ಮ ಬಂದು ನೋಡುವಷ್ಟರಲ್ಲಿ ಪೊರಕೆ ಅರ್ಧ ಬಡವಾಗಿತ್ತು. "ಅಯ್ಯೋ ನಿಮ್ಮ! ಲಕ್ಷ್ಮಿ ಕಣ್ರೋ ಅದು! ಕಿತ್ತು ಹಾಕಿದ್ರಲ್ಲ!"

"ಮೂಲೇಲಿದ್ದ ಲಕ್ಷ್ಮೀನ ಮನೆ ಮೇಲೆ ಕೂರಿಸ್ತಾ ಇದೀವಿ ಆಂಟಿ," ಎಂದ ಪ್ರಸಾದ್. ಬೈರಮ್ಮ ನಕ್ಕುಬಿಟ್ಟಳು. ಒಳಗೆ ಹೋಗಿ ಇಬ್ಬರಿಗೂ ಕಾಫಿ ತಂದಳು.

ಗರಿಗರಿ ಕಾಗದ ಅಂಟಿಸುವಾಗ ಅವನ ಬೆರಳು ಅವಳ ಬೆರಳಿಗೆ ತಾಗಿತು. ಅಂಟು ಹೆಚ್ಚಾಗಿತ್ತು ಎಂದು ಇಬ್ಬರೂ ಆಮೇಲೆ ವಾದಿಸಬಹುದು. ಕೈ ಮಾತ್ರ ಇಬ್ಬರೂ ಬೇಗ ತೆಗೆಯಲಿಲ್ಲ.

"ಬಿಂದು ಅವ್ರೇ... ಇದನ್ನ ಮುಂದಿನ ವರ್ಷ ಇನ್ನೂ ದೊಡ್ಡದಾಗಿ ಮಾಡಿ. ಚಿಲಿಪಿಲಿ ನಿಲ್ಲಿಸ್ಬೇಡಿ, ಯಾರು ಏನೇ ಅಂದ್ರೂ."

ಈ ಮಾತನ್ನು ಇದುವರೆಗೆ ಯಾರೂ ಅವಳಿಗೆ ಹೇಳಿರಲಿಲ್ಲ.

ಅವನು ತಗ್ಗಿದ ದನಿಯಲ್ಲಿ ಮುಂದುವರಿಸಿದ. "ಆಫೀಸಲ್ಲಿ ನನ್ನ ಬೀದರ್‌ಗೆ ಕಳಿಸ್ತಾರಂತೆ. ಹೋಗ್ತೀನಿ, ಹೋಗಲ್ಲ, ಈ ವಾರ ಹೇಳ್ಬೇಕು. ಹೋಗಲ್ಲ ಅನ್ನೋಕೆ ನನಗೊಂದು ಕಾರಣ ಬೇಕು. ನೀವು... ಆ ಕಾರಣ ಆಗ್ತೀರಾ?"

ಹೌದು! ಎಂದು ಎದೆ ಕೂಗಿತು. ಮದುವೆಯ ಹಳೆಯ ಭಯಕ್ಕೆ ಬಾಯಿ ಮಾತ್ರ ಕೈಕೊಟ್ಟಿತು.

"ಅಮ್ಮನ ಕಣ್ಣಿನ ಆಪರೇಷನ್‌ಗೆ ಊರಿಗೆ ಹೋಗ್ತೀರಲ್ಲ... ಬನ್ನಿ. ಬಂದ್ಮೇಲೆ ಹೇಳ್ತೀನಿ."

ಅವನು ತಿಪಟೂರಿಗೆ ಹೋದ. ಅವಳು ಮನೆ ಮುಂದೆ ಲೈಟು ಹಾಕಿದಳು. ತಾರಸಿಯಿಂದ ನೆಲದವರೆಗೆ ಸೀರಿಯಲ್ ಸೆಟ್ಟುಗಳು ಜಲಪಾತದಂತೆ ಇಳಿದವು. ಸ್ಟಾರನ್ನು ಬಾಲ್ಕನಿಗೆ ಕಟ್ಟಿದಳು, ಆದರೆ ಅದರ ಲೈಟು ಹಾಕಲಿಲ್ಲ. ಅವರು ಬಂದ ಮೇಲೆ, ಇಬ್ಬರೂ ಸೇರಿ... ಎಂದುಕೊಂಡು ಒಬ್ಬಳೇ ನಕ್ಕಳು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಬೈರಮ್ಮನಿಗೆ ಬರಿಯ ಗೇಟು ಕಣ್ಣಿಗೆ ಚುಚ್ಚಿತು.

"ಇಷ್ಟು ಲೈಟ್ ಹಾಕಿ ತೋರಣ ಕಟ್ಟದೆ ಬಿಡ್ತಾರೇನೇ? ಹಬ್ಬ ಅಂದ್ರೆ ಹಬ್ಬ. ಯಾರ್ದಾದ್ರೇನು!"

ಹಾಗೆಂದು ಗೇಟಿಗೆ ಮಾವಿನ ತೋರಣ ಕಟ್ಟಿಸಿದಳು. ಎರಡೂ ಕಡೆ ಬಾಳೆಕಂದು ನಿಲ್ಲಿಸಿದಳು. ಬೆಂಗಳೂರಿನ ಯಾವ ಬೀದಿಯಲ್ಲಾದರೂ ಸರಿ, ತಾರಸಿಯಿಂದ ಇಳಿಬಿಟ್ಟ ಸೀರಿಯಲ್ ಸೆಟ್ಟು, ಮಾವಿನ ತೋರಣ, ಬಾಳೆಕಂದು, ಈ ಮೂರೂ ಸೇರಿದ ಮನೆಗೆ ಇರುವುದು ಒಂದೇ ಹೆಸರು. ಮದುವೆ ಮನೆ!

ಬಸ್ಸಿಳಿದು ಬೀದಿಯ ತಿರುವಿಗೆ ಬಂದ ಪ್ರಸಾದ್ ಅಲ್ಲೇ ನಿಂತುಬಿಟ್ಟ. ಕೈಯಲ್ಲಿ ಅವಳಿಗೆಂದು ತಂದ ಕೊಬ್ಬರಿ ಮಿಠಾಯಿಯ ಪೊಟ್ಟಣವಿತ್ತು. ಹೂ ಮಾರುವ ಮುನಿಲಕ್ಷ್ಮಮ್ಮನನ್ನು ಕೇಳಿದ.

"ಅಕ್ಕ, ಬೋರಣ್ಣನವರ ಮನೇಲಿ ಏನು ವಿಶೇಷ?"

"ಗೊತ್ತಿಲ್ವಾ? ಬಿಂದುದು ಫಂಕ್ಷನ್ ಕಣಪ್ಪ, ಇಪ್ಪತ್ನಾಲ್ಕಕ್ಕೆ! ಮಾರುದ್ದ ಹೂವು ಹೇಳವ್ರೆ."

ಮಕ್ಕಳ ಕ್ರಿಸ್‌ಮಸ್‌ಗೆ ಯಾರಾದರೂ ಬಾಳೆಕಂದು ಕಟ್ಟುತ್ತಾರೆಯೇ? 'ಬಂದ್ಮೇಲೆ ಹೇಳ್ತೀನಿ' ಅಂದಿದ್ದು ಇದನ್ನೇನಾ? ಬಾಯಿಬಿಟ್ಟು ಹೇಳಲಾಗದೆ ದೀಪ ಹಾಕಿ ಹೇಳಿದಳೇ? ಪೊಟ್ಟಣವನ್ನು ಮುನಿಲಕ್ಷ್ಮಮ್ಮನ ಮೊಮ್ಮಕ್ಕಳಿಗೆಂದು ಕೊಟ್ಟು, ತಲೆ ತಗ್ಗಿಸಿ ಮೆಟ್ಟಿಲು ಹತ್ತಿದ.

ಬಿಂದು ಎದುರಾದಳು. ಕಣ್ಣುಗಳು ಮಿನುಗುತ್ತಿದ್ದವು.

"ಬಂದ್ರಾ! ಅಮ್ಮ ಹೇಗಿದಾರೆ?"

"ಚೆನ್ನಾಗಿದಾರೆ. ಲೈಟ್ ನೋಡ್ದೆ... ಕಂಗ್ರಾಜುಲೇಷನ್ಸ್."

"ಥ್ಯಾಂಕ್ಸ್! ನೀವಿಲ್ದೆ ಇದ್ರೆ ಇದು ಆಗ್ತಾನೇ ಇರ್ಲಿಲ್ಲ."

ಆ ಮಾತು ಅವನಿಗೆ ಎಲ್ಲಿ ತಾಗಿತೆಂದು ಅವಳಿಗೆ ಹೇಗೆ ಗೊತ್ತಾಗಬೇಕು?

"ನಿಮ್ಮಪ್ಪ... ಒಪ್ಪಿದ್ರಾ?"

"ಮೊದಲು ಖರ್ಚು ಅಂತ ಕೊಸರಾಡಿದ್ರು. ಈಗ ಅವರೇ ಎಲ್ಲರನ್ನೂ ಕರೀತಿದಾರೆ! ನೀವು ಬರ್ಲೇಬೇಕು."

"ಆಗಲ್ಲ ಅನ್ಸುತ್ತೆ." ಅಷ್ಟೇ ಹೇಳಿ ಅವನು ಬಾಗಿಲು ಹಾಕಿಕೊಂಡ.

ಬಿಂದು ಮುಚ್ಚಿದ ಬಾಗಿಲನ್ನು ನೋಡುತ್ತ ನಿಂತಳು. ನಾನು ಸುಮ್ಮನಿದ್ದದ್ದೇ ತಪ್ಪಾಯಿತೇ? ಅವತ್ತೇ ಹೇಳಬೇಕಿತ್ತೇ? ಊರಿಗೆ ಹೋದವರು ಮನಸ್ಸು ಬದಲಿಸಿಕೊಂಡರೇ?

ಮರುದಿನ ಊಟಕ್ಕೆ ಕೂತಾಗ ಬೋರಣ್ಣ ಮುದ್ದೆ ಮುರಿಯುತ್ತ ಹೇಳಿದ. "ಮೇಲಿನ್ ಮನೆ ಹುಡ್ಗ ಖಾಲಿ ಮಾಡ್ತಾನಂತೆ. ಬೀದರ್‌ಗೆ ಒಪ್ಕೊಂಡ್ನಂತೆ. ಒಳ್ಳೆ ಹುಡ್ಗ."

ಬಿಂದು ಕೈಯ ತುತ್ತನ್ನು ತಟ್ಟೆಯಲ್ಲೇ ಬಿಟ್ಟಳು. ಎದ್ದು ಕೈ ತೊಳೆದುಕೊಂಡಳು. ನಲ್ಲಿಯ ಸದ್ದಿನಲ್ಲಿ ಅತ್ತರೆ ಯಾರಿಗೂ ಕೇಳಿಸುವುದಿಲ್ಲ ಎಂದುಕೊಂಡಿದ್ದಳು. ಬೈರಮ್ಮನಿಗೆ ಕೇಳಿಸಿತು.

ಇಪ್ಪತ್ನಾಲ್ಕರ ಸಂಜೆ. ಚಿಲಿಪಿಲಿಯ ಅಂಗಳ ತುಂಬ ಕೆಂಪು ಟೋಪಿಯ ಮಕ್ಕಳು, ಮೊಬೈಲ್ ಎತ್ತಿ ಹಿಡಿದ ಅಪ್ಪ ಅಮ್ಮಂದಿರು. ಬಿಂದು ನಗುತ್ತಿದ್ದಳು, ಓಡಾಡುತ್ತಿದ್ದಳು. ಕಣ್ಣು ಮಾತ್ರ ಮೆಟ್ಟಿಲಿನ ಕಡೆಗೇ ಹೋಗುತ್ತಿತ್ತು.

ಕೊನೆಗೂ ಅವನು ಇಳಿದು ಬಂದ. ಬೆನ್ನಿಗೆ ಬ್ಯಾಗು, ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಗೋಡೆ ಗಡಿಯಾರ. ನಮ್ಮಲ್ಲಿ ಗೋಡೆ ಗಡಿಯಾರವನ್ನು ಯಾವ ಸಮಾರಂಭಕ್ಕೆ ಕೊಡುತ್ತಾರೆ ಎನ್ನುವುದನ್ನು ಓದುಗರಿಗೆ ಹೇಳಬೇಕಾಗಿಲ್ಲ.

"ಊಟಕ್ಕೆ ನಿಲ್ಲಲ್ಲ. ಬಸ್ಸಿದೆ. ಇದು... ನಿಮ್ಮಿಬ್ಬರಿಗೆ."

"ನಮ್ಮಿಬ್ಬರಿಗಾ? ಯಾರ್ಯಾರಿಗೆ?"

"ನಿಮಗೆ, ಆಮೇಲೆ... ಮದುಮಗನಿಗೆ."

"ಯಾವ ಮದುಮಗ?!"

ಪ್ರಸಾದ್ ಅಂಗಳ ನೋಡಿದ. ಓಲಗವಿರಲಿಲ್ಲ, ಮಂಟಪವೂ ಇರಲಿಲ್ಲ. ಹತ್ತಿಯ ಗಡ್ಡ ಅಂಟಿಸಿಕೊಂಡು ಕ್ರಿಸ್‌ಮಸ್ ತಾತನಾಗಿ ಕೂತಿದ್ದ ಬೋರಣ್ಣ ಮಕ್ಕಳಿಗೆ ಕೇಕು ಹಂಚುತ್ತಿದ್ದ.

"ಮತ್ತೆ... ಲೈಟು? ತೋರಣ? ಬಾಳೆಕಂದು?" ಅವನು ತೊದಲಿದ. "ಮುನಿಲಕ್ಷ್ಮಮ್ಮ ಬಿಂದುದು ಫಂಕ್ಷನ್ ಅಂದ್ರು..."

ಬಿಂದು ಗೇಟಿನ ತೋರಣದತ್ತ ತಿರುಗಿ ನೋಡಿದಳು. ಆಮೇಲೆ ನಕ್ಕಳು. ನಗುನಗುತ್ತಲೇ ಕಣ್ಣಲ್ಲಿ ನೀರು ಬಂತು.

"ಅಲ್ಲ ಕಣ್ರೀ... ಧನುರ್ಮಾಸದಲ್ಲಿ ಯಾರಾದ್ರೂ ಮದುವೆ ಇಟ್ಕೋತಾರಾ?!"

ಪ್ರಸಾದ್ ಹಣೆ ಚಚ್ಚಿಕೊಂಡ. ಪಂಚಾಂಗ ನೋಡದೆ ಹೊಸ ಚಪ್ಪಲಿಯನ್ನೂ ಕೊಳ್ಳದ ಮನೆತನದ ಹುಡುಗ!

"ಹೊಳೀಲೇ ಇಲ್ಲ ಬಿಂದು ಅವ್ರೇ. ಲೈಟ್ ನೋಡಿದ್ದೇ ತಲೆ ಓಡೋದು ನಿಂತೋಯ್ತು. ಸ್ಟಾರ್ ಆದ್ರೂ ಉರೀತಾ ಇದ್ದಿದ್ರೆ ಗೊತ್ತಾಗ್ತಿತ್ತೇನೋ..."

"ಅದನ್ನ ನಾನೇ ಹಚ್ಚಲಿಲ್ಲ." ಅವಳು ಬಾಲ್ಕನಿಯತ್ತ ಕೈ ತೋರಿಸಿದಳು. "ನೀವು ಬರ್ಲಿ ಅಂತ. ಹಚ್ಚಿ ಹೌದು ಅನ್ನೋಣ ಅಂತ. ನಾನು ಕಾಯ್ತಾ ಇದ್ದೆ, ನೀವು ಗಡಿಯಾರ ತಗೊಳ್ಳೋಕೆ ಹೋಗಿದ್ರಿ!"

ಅವನು ಬ್ಯಾಗನ್ನು ಕೆಳಗಿಟ್ಟ. ಅವಳು ಬಾಲ್ಕನಿಯಿಂದ ಇಳಿಬಿಟ್ಟಿದ್ದ ಸ್ಟಾರಿನ ವೈರನ್ನು ಅವನ ಕೈಗೆ ಕೊಟ್ಟಳು.

"ಕಿತ್ತವರೇ ಹಾಕ್ಬೇಕು."

ಅವನು ಪ್ಲಗ್ ಹಾಕಿದ. ಪೊರಕೆಕಡ್ಡಿಯ ನಕ್ಷತ್ರ ಹಳದಿಯಾಗಿ ಬೆಳಗಿತು. ಮಕ್ಕಳು ಓ ಎಂದು ಕಿರುಚಿದರು. ಬಿಂದು ಅವನ ಕೈ ಹಿಡಿದುಕೊಂಡಳು. ಈ ಸಲ ಅಂಟಿನ ನೆಪವೂ ಬೇಕಾಗಲಿಲ್ಲ.

ಗೇಟಿನ ಹತ್ತಿರದಿಂದ ಬೈರಮ್ಮ ಕೂಗಿದಳು. "ಬಿಂದು, ಈ ಬಾಳೆಕಂದು ಬಾಡ್ತಾ ಇದೆ. ತೆಗೆಸ್ಬಿಡ್ಲಾ? ಇಲ್ಲಾ ಹೊಸದು ಕಟ್ಟಿಸ್ಲಾ?"

ಬಿಂದು ತಿರುಗಿ ನೋಡಿದಳು. ತಾಯಿಯ ಕಣ್ಣು ಮಗಳ ಕೈಯ ಮೇಲೆಯೇ ಇತ್ತು, ಬಾಯಲ್ಲಿ ತಡೆಹಿಡಿದ ನಗು. ಅಪ್ಪನನ್ನು ಒಪ್ಪಿಸುವ ಕೆಲಸ ಯಾರು ಮಾಡುತ್ತಾರೆಂದು ಬಿಂದುವಿಗೆ ಗೊತ್ತಾಯಿತು.

"ಸಂಕ್ರಾಂತಿ ಕಳೀಲಿ ಅಮ್ಮ, ಹೊಸದೇ ಕಟ್ಟಿಸೋಣ!"

ಪ್ರಸಾದ್ ಮೆಲ್ಲಗೆ ಕೇಳಿದ. "ನಾಡಿದ್ದು ಆಫೀಸಿಗೆ ಹೋಗಿ ಬೀದರ್ ಬೇಡ ಅಂತೀನಿ. ಕಾರಣ ಕೇಳ್ತಾರೆ. ಏನ್ ಹೇಳ್ಲಿ?"

"ಮನೇಲಿ ಮದುವೆ ಇದೆ ಅಂತ ಹೇಳಿ."

"ಯಾರದ್ದು ಅಂದ್ರೆ?"

"ಬೀದಿಗೆಲ್ಲ ಗೊತ್ತು," ಎಂದಳು ಬಿಂದು. "ನಿಮಗೊಬ್ಬರಿಗೇ ಗೊತ್ತಿರ್ಲಿಲ್ಲ."