ಕೊಳೆತ ಮೀನಿಗೆ ಕಟ್ಟಿದ ಬೆಲೆ

ಬಾಗಿಲು ತೆರೆದವನು ಪಕ್ಕಕ್ಕೆ ಓಡಿ ವಾಂತಿ ಮಾಡಿಕೊಂಡ.

ಶೈತ್ಯಾಗಾರದ ಷೇರು ಕೊಳ್ಳಲು ಬಂದಿದ್ದ ವ್ಯಾಪಾರಿಗಳು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಹಿಂದೆ ಸರಿದರು. ಒಳಗೆ ಸಾಲುಸಾಲು ಮೀನಿನ ಪೆಟ್ಟಿಗೆಗಳು. ಅವುಗಳಿಂದ ಸೋರಿದ ಕಂದು ರಸ ನೆಲದ ತುಂಬ ಹರಡಿ ಅಂಟಾಗಿತ್ತು. ಅದರ ಮೇಲೆ ಹುಳುಗಳು ಮಿಜಿಗುಡುತ್ತಿದ್ದವು. ತಂಪು ಯಂತ್ರ ನಿಂತು ತಿಂಗಳುಗಳೇ ಆಗಿದ್ದವು. ವ್ಯಾಪಾರಿಗಳು ಬೆಲೆಯ ಮಾತೆತ್ತದೆ ಕಾರು ಹತ್ತಿದರು.

ಗಾಜಿನ ಕಾರ್ಖಾನೆಯ ನೌಕರರ ನಿವೃತ್ತಿ ನಿಧಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹಣ ಈ ಶೈತ್ಯಾಗಾರದ ಷೇರುಗಳಲ್ಲೇ ಕೂತಿತ್ತು. ನಿಧಿಯ ವರದಿಗಳಲ್ಲಿ ಆ ಷೇರುಗಳ ‘ನ್ಯಾಯಯುತ ಮೌಲ್ಯ’ ವರ್ಷದಿಂದ ವರ್ಷಕ್ಕೆ ಏರುತ್ತಲೇ ಬಂದಿತ್ತು. ಕುಲುಮೆಯ ಮುಂದೆ ಬೆಂದು ಬೆವರಿದವರು ಆ ಅಂಕಿ ನೋಡಿ ಮಗಳ ಮದುವೆ, ಮನೆಯ ಮಾಡು, ಆಸ್ಪತ್ರೆ ಖರ್ಚು ಎಲ್ಲವನ್ನೂ ಲೆಕ್ಕ ಹಾಕಿಟ್ಟಿದ್ದರು.

ತನಿಖೆಗೆ ಬಂದ ಅಧಿಕಾರಿ ನಡುವಯಸ್ಸಿನ ಹೆಂಗಸು. ಹಣಕಾಸು ಕಚೇರಿಗಳಲ್ಲಿ ಬೆನ್ನ ಹಿಂದೆ ಅವಳಿಗೆ ‘ಜಿಗಣೆ’ ಅಂತ ಹೆಸರು. ಅದು ಅವಳಿಗೂ ಗೊತ್ತಿತ್ತು. ಕೆಟ್ಟ ರಕ್ತ ಹೀರುವುದೂ ಒಂದು ಕಸುಬೇ ಎಂದು ನಗುತ್ತಿದ್ದಳು. ಆದರೆ ಶೈತ್ಯಾಗಾರ ನೋಡಿ ಬಂದ ದಿನ ಅವಳಿಗೆ ನಗು ಬರಲಿಲ್ಲ. ಎರಡು ಸಲ ಸ್ನಾನ ಮಾಡಿದರೂ ಕೂದಲಲ್ಲಿ ವಾಸನೆ ಉಳಿದಿತ್ತು. ಮರುದಿನ ಸುಗಂಧ ಪೂಸಿಕೊಂಡು ಎದುರಿಗೆ ಕೂತವರನ್ನು ನೋಡಿದಾಗ, ವಾಸನೆ ತನ್ನ ಕೂದಲಿನದೋ ಇವರದೋ ಎಂಬ ಅನುಮಾನ ಅವಳಿಗೆ ಬಂತು.

ಮೊದಲು ಮೌಲ್ಯಮಾಪಕ. ಪೇಟೆಯಲ್ಲಿ ದಿನವೂ ಮಾರಾಟವಾಗುವ ಷೇರಿಗಾದರೆ ಬೆಲೆ ಎಲ್ಲರಿಗೂ ಕಾಣುತ್ತದೆ. ಇಂಥ ಷೇರಿಗೆ ಯಾರಾದರೂ ಅಂದಾಜು ಕಟ್ಟಬೇಕು, ಅದೇ ತನ್ನ ಕೆಲಸ ಎಂದು ಅವನು ವಿವರಿಸಿದ.

“ಶೈತ್ಯಾಗಾರಕ್ಕೆ ಹೋಗಿ ನೋಡಿದ್ರಾ?”

“ಮೇಡಂ, ನಾನು ಕೋಷ್ಟಕ ನೋಡ್ತೀನಿ. ಮೀನು ನೋಡಲ್ಲ.”

ಅವನ ಕಣ್ಣಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. ಶೈತ್ಯಾಗಾರದವರು ಕೋಣೆಗಳೆಲ್ಲ ತುಂಬಿವೆ ಎಂದು ಬರೆದು ಕಳಿಸಿದ್ದರು. ತುಂಬಿಯೇ ಇದ್ದವು—ಸುಳ್ಳಲ್ಲ! ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ಈತ. ಬೆಲೆ ಎಷ್ಟಾದರೂ ಅವನ ಶುಲ್ಕ ಮಾತ್ರ ಅಷ್ಟೇ.

ಲೆಕ್ಕಪರಿಶೋಧಕಿ ಅವನಿಗಿಂತ ಚುರುಕು. ಆ ಬೆಲೆ ತನಗೂ ಜಾಸ್ತಿ ಅನ್ನಿಸಿತ್ತು, ಸಹಿ ತಡೆಹಿಡಿದು ಹೊರಗಿನ ಸಾಕ್ಷಿ ಕೇಳಿದ್ದೆ ಎಂದಳು.

“ಸಿಕ್ತಾ?”

“ಸಿಕ್ತು. ವರ್ಷದ ಕೊನೆ ವಾರದಲ್ಲಿ ಯಾರೋ ಹಳೇ ಷೇರುದಾರರ ಹತ್ರ ಒಂದಿಷ್ಟು ಷೇರು ಕೊಂಡ್ರು. ಮೌಲ್ಯಮಾಪಕರು ಹೇಳಿದ ಬೆಲೆಗೇ. ಹೊರಗಿನವನೊಬ್ಬ ಕೈಯಿಂದ ದುಡ್ಡು ಕೊಟ್ಟು ಕೊಂಡ ಮೇಲೆ ನಾನೇನು ಹೇಳಲಿ?”

“ಯಾಕೆ ಕೊಂಡ ಅಂತ ಕೇಳಿದ್ರಾ?”

ಲೆಕ್ಕಪರಿಶೋಧಕಿ ಕಡತ ತಿರುವಿ ಕೊಂಡವನ ವಿಳಾಸ ಮುಂದಿಟ್ಟಳು.

ಕೊಂಡವನು ಬಣ್ಣದ ಅಂಗಡಿಯ ಮಾಲೀಕ. ಜಿಗಣೆ ಅವನ ಅಂಗಡಿಗೂ ಹೋದಳು. ಡಬ್ಬಗಳ ನಡುವೆ ನಿಂತು ಅವನು, ಸುಮ್ಮನೆ ಒಂದು ಕೈ ನೋಡೋಣ ಅಂತ ಕೊಂಡೆ ಎಂದಷ್ಟೇ ಹೇಳಿದ. ಮೀನಿನ ವ್ಯಾಪಾರದ ಗಂಧಗಾಳಿ ಅವನಿಗಿರಲಿಲ್ಲ.

ಎಲ್ಲರ ಬೆರಳೂ ನಿಧಿಯ ವ್ಯವಸ್ಥಾಪಕನ ಕಡೆಗೇ ಇತ್ತು. ಬೆಲೆ ಏರಿದರೆ ಅವನಿಗೆ ಬೋನಸ್ಸು. ಷೇರು ಕೊಂಡವನು ಯಾರೆಂದು ಗೊತ್ತಿಲ್ಲದಿದ್ದರೂ ಅವನದೇ ಮನುಷ್ಯ ಎಂದು ಕಾರ್ಖಾನೆಯಲ್ಲಿ ಗುಸುಗುಸು. ಆದರೆ ಜಿಗಣೆಗೆ ಒಂದು ಮಾತು ಹೊಂದುತ್ತಿರಲಿಲ್ಲ. ನಿವೃತ್ತರಿಗೆ ಕೊಡಲು ನಗದು ಸಾಲದೆ ಷೇರು ಮಾರಲು ಹೊರಟವನು, ವ್ಯಾಪಾರಿಗಳನ್ನು ಆ ಬಾಗಿಲಿಗೆ ಕರೆದೊಯ್ದವನು ಇವನೇ. ವಾಂತಿ ಮಾಡಿಕೊಂಡವನೂ ಇವನೇ. ಒಳಗಿನ ಹೂರಣ ಗೊತ್ತಿದ್ದವನು ಗಿರಾಕಿಯನ್ನು ಅಲ್ಲಿಗೆ ಕರೆದೊಯ್ಯುತ್ತಾನೆಯೇ? ಅದೂ ಅಲ್ಲದೆ, ಷೇರು ನಿಜವಾಗಿ ಮಾರಾಟವಾದ ಮೇಲಷ್ಟೇ ಬೋನಸ್ಸು ಕೈಗೆ ಬರುವಂತೆ ಒಪ್ಪಂದವಿತ್ತು. ಇವನು ಸೋಮಾರಿ, ಜಂಬದವನು, ನೌಕರರ ದುಡ್ಡನ್ನು ಒಂದೇ ಬುಟ್ಟಿಯಲ್ಲಿಟ್ಟ ಮೂರ್ಖ. ಆದರೆ ಕಳ್ಳನಲ್ಲ.

ಹಾಗಾದರೆ ಆ ಬೆಲೆ ಯಾರಿಗೆ ಬೇಕಿತ್ತು?

ನೌಕರರ ಪರವಾಗಿ ದೂರು ಕೊಟ್ಟವಳು ಪ್ಯಾಕಿಂಗ್ ವಿಭಾಗದ ಹುಡುಗಿ. ಅವಳ ಅಪ್ಪ ಕುಲುಮೆಯಲ್ಲಿ ದುಡಿದು ಶ್ವಾಸಕೋಶ ಕಳೆದುಕೊಂಡಿದ್ದ. ಅಪ್ಪನ ಔಷಧಿಗೆ ಆ ಹಣ ಬಿಟ್ಟರೆ ಬೇರೆ ದಾರಿಯಿಲ್ಲ ಎಂದು ಹೇಳುತ್ತ ಹುಡುಗಿ ಅಳಲಿಲ್ಲ, ದವಡೆ ಬಿಗಿಹಿಡಿದಿದ್ದಳು.

“ನಿಮ್ಮಪ್ಪ ಮೊದಲೇ ಯಾಕೆ ತೆಗೀಲಿಲ್ಲಮ್ಮ?”

“ತೆಗೀಬೇಕು ಅಂತಲೇ ಇದ್ರು. ದೊಡ್ಡಪ್ಪ ಬಿಡಲಿಲ್ಲ. ಬೆಳೆಯೋ ದುಡ್ಡು, ಇರಲಿ ಬಿಡು ಅಂದ್ರು.”

ದೊಡ್ಡಪ್ಪ ಎಂದರೆ ಅವಳ ಅಪ್ಪನ ಅಣ್ಣ; ಕಾರ್ಖಾನೆಯ ಹಿರಿಯ ಮೇಸ್ತ್ರಿಯೂ ನಿಧಿಯ ಸಮಿತಿಯಲ್ಲಿ ನೌಕರರ ಪ್ರತಿನಿಧಿಯೂ ಆಗಿದ್ದವನು. ಇಡೀ ಕಾರ್ಖಾನೆಯೇ ಅವನನ್ನು ದೊಡ್ಡಪ್ಪ ಎನ್ನುತ್ತಿತ್ತು. ಶೈತ್ಯಾಗಾರದ ಸುದ್ದಿ ಬಂದ ದಿನ ಎಲ್ಲರಿಗಿಂತ ಜೋರಾಗಿ ಅತ್ತವನೂ ಅವನೇ.

“ಅವರ ದುಡ್ಡೂ ಹೋಯ್ತಾ?”

“ಇಲ್ಲ ಮೇಡಂ. ನಿಧಿಯ ವರ್ಷದ ವರದಿ ಬಂದ ಮುಂದಿನ ತಿಂಗಳೇ ಅವರು ನಿವೃತ್ತಿ ತಗೊಂಡ್ರು, ಪೂರ್ತಿ ತೆಗೆದ್ರು. ನಾವೇ ಹಾರ ಹಾಕಿ ಕಳಿಸಿಕೊಟ್ವಿ.”

ಜಿಗಣೆ ಪೆನ್ನು ಕೆಳಗಿಟ್ಟಳು. ದೊಡ್ಡಪ್ಪನ ಮನೆಯವರ ವಿವರ ಕೇಳಿಕೊಂಡು, ನೇರ ಬಣ್ಣದ ಅಂಗಡಿಗೆ ಹೋಗಿ ಮಾಲೀಕನಿಗೆ ಒಂದೇ ಪ್ರಶ್ನೆ ಕೇಳಿದಳು—ನಿಮ್ಮ ಮಾವ ಯಾರು? ಅವನು ಹಣೆಯ ಬೆವರು ಒರೆಸಿಕೊಂಡು ಸ್ಟೂಲಿನ ಮೇಲೆ ಕೂತುಬಿಟ್ಟ.

ಮರುದಿನ ನಿಧಿಯ ಕಚೇರಿಯಲ್ಲಿ ಎಲ್ಲರನ್ನೂ ಸೇರಿಸಿದಳು. ಹುಡುಗಿಯನ್ನೂ ಕರೆದಿದ್ದಳು. ದೊಡ್ಡಪ್ಪ ಎಲ್ಲರಿಗೂ ಕೈ ಮುಗಿದು, ಮೊಣಕಾಲು ನೀವಿಕೊಳ್ಳುತ್ತ ಕುರ್ಚಿಯಲ್ಲಿ ಕೂತ.

“ಬೆಲೆ ಏರಿಸಿದ್ದು ಯಾರು ಅಂತ ಎಲ್ಲರೂ ಹುಡುಕಿದ್ರಿ,” ಎಂದಳು ಜಿಗಣೆ. “ಆ ಬೆಲೆಗೆ ಹೊರಗೆ ಹೋದವರು ಯಾರು ಅಂತ ಯಾರೂ ಕೇಳಲಿಲ್ಲ. ಹಾರ ಹಾಕಿ ಕಳಿಸಿದ್ದಲ್ವಾ, ಅದಕ್ಕೇ ಕಣ್ಣಿಗೆ ಬೀಳಲಿಲ್ಲ.”

ಅವಳು ಬಿಡಿಸಿ ಹೇಳಿದಳು. ಈ ನಿಧಿ ಒಂದೇ ಪಾತ್ರೆಯ ಊಟ. ವರದಿಯ ಬೆಲೆಯಂತೆ ಪಾಲು ಲೆಕ್ಕವಾಗುತ್ತದೆ. ಬೆಲೆ ಸುಳ್ಳಾದರೆ ಮೊದಲು ಎದ್ದವನು ಉಳಿದವರ ತುತ್ತನ್ನೂ ತಿಂದು ಏಳುತ್ತಾನೆ. ಲೆಕ್ಕಪರಿಶೋಧಕಿ ಸಾಕ್ಷಿ ಬೇಕೆಂದು ಪಟ್ಟು ಹಿಡಿದದ್ದು ಸಮಿತಿಯವರಿಗೆ ಮಾತ್ರ ಗೊತ್ತಿತ್ತು. ಆ ವಾರದಲ್ಲೇ ಸಾಕ್ಷಿ ಹುಟ್ಟಿತು. ನ್ಯಾಯಯುತ ಮೌಲ್ಯವೆಂದರೆ ಪರಸ್ಪರ ಹಂಗಿಲ್ಲದ ಇಬ್ಬರು, ತಿಳಿದು ಒಪ್ಪಿ ಮಾಡಿಕೊಂಡ ವ್ಯಾಪಾರದ ಬೆಲೆ. ಇಲ್ಲಿ ಕೊಂಡವನು ಸಮಿತಿಯಲ್ಲಿದ್ದ ದೊಡ್ಡಪ್ಪನ ಅಳಿಯ, ದುಡ್ಡು ಮಾವನದು. ಚಿಕ್ಕ ಮೀನನ್ನು ಗಾಳಕ್ಕೆ ಸಿಕ್ಕಿಸಿ ಮಾವ ದೊಡ್ಡದನ್ನು ಎಳೆದುಕೊಂಡಿದ್ದ.

“ಮೀನು ಕೊಳೆತದ್ದು ನಿಮಗೆ ಯಾವಾಗ ಗೊತ್ತಾಯ್ತು?”

ದೊಡ್ಡಪ್ಪ ಮಾಮೂಲಿ ದನಿಯಲ್ಲೇ ಹೇಳಿದ. “ಆ ಕಡೆ ಏನೋ ಕೆಲಸ ಇತ್ತು, ಹೋಗಿದ್ದೆ. ಗೇಟಿನ ಹತ್ರಾನೇ ವಾಸನೆ ಬಂತು. ಹೇಳಿದ್ರೆ ಎಲ್ಲರದ್ದೂ ಹೋಗ್ತಿತ್ತು, ನನ್ನದೂ ಹೋಗ್ತಿತ್ತು. ನನ್ನದಾದ್ರೂ ಉಳೀಲಿ ಅಂದ್ಕೊಂಡೆ.”

“ತಮ್ಮನಿಗೆ ಯಾಕೆ ತೆಗೀಬೇಡ ಅಂದ್ರಿ?”

“ಇಬ್ಬರೂ ಒಟ್ಟಿಗೆ ತೆಗೆದ್ರೆ ನಗದು ಎಲ್ಲಿ ಸಾಲ್ತಿತ್ತು?”

ಮೌಲ್ಯಮಾಪಕ ಕೂಡ ಮುಖ ತಿರುಗಿಸಿದ.

ದೊಡ್ಡಪ್ಪ ಹುಡುಗಿಯ ಕಡೆ ಬಾಗಿದ. “ನಿಮ್ಮಪ್ಪಂದು ಎಷ್ಟಾಗುತ್ತೋ ಹೇಳು ಮಗಳೇ, ಇವತ್ತೇ ಕೊಡ್ತೀನಿ. ಊರವರ ಉಸಾಬರಿ ನಮಗ್ಯಾಕೆ?”

ಹುಡುಗಿ ಅವನ ಕಡೆ ನೋಡಲೇ ಇಲ್ಲ. “ಮೇಡಂ, ಹಣ ವಾಪಸ್ ಬಂದ್ರೆ ಮೊದಲು ಉಳಿದವರಿಗೆ ಕೊಡಿ. ಅಪ್ಪನದು ಕೊನೆಗಿರಲಿ,” ಎಂದಳು.

ದೊಡ್ಡಪ್ಪನ ಖಾತೆಗೆ ತಡೆ ಬಿತ್ತು. ಅವನ ಮೇಲೆ, ಅಳಿಯನ ಮೇಲೆ ಮೊಕದ್ದಮೆ ಹೂಡಿದರು. ಮೌಲ್ಯಮಾಪಕನ ಪರವಾನಗಿ ರದ್ದಾಯಿತು. ಲೆಕ್ಕಪರಿಶೋಧಕಿಗೂ ಶೈತ್ಯಾಗಾರದವರಿಗೂ ದಂಡ ಬಿತ್ತು. ವ್ಯವಸ್ಥಾಪಕ ಕೆಲಸ ಕಳೆದುಕೊಂಡು ಮನೆಗೆ ಹೋದ. ನೌಕರರಿಗೆ ಪೂರ್ತಿ ಹಣ ಸಿಗಲಿಲ್ಲ, ಸಿಕ್ಕಿದ್ದನ್ನು ಸಮನಾಗಿ ಹಂಚಿದರು.

ಕೊನೆಯ ಪಾಲು ಪಡೆಯಲು ಹುಡುಗಿಯ ಅಪ್ಪನೇ ಬಂದ. ಮೆಟ್ಟಿಲು ಹತ್ತಿ ಬಂದವನಿಗೆ ಉಸಿರು ಹತೋಟಿಗೆ ಬರುವವರೆಗೂ ಜಿಗಣೆ ಕಾದಳು. ಸಹಿ ಹಾಕಿ ಎದ್ದಾಗ, ಅಣ್ಣ ಸಿಕ್ಕಿದ್ದರಾ ಎಂದು ಮೆಲ್ಲಗೆ ಕೇಳಿದಳು.

“ಮನೆಗೆ ಬಂದಿದ್ದ ಮೇಡಂ. ಕಾಲಿಗೆ ಬೀಳೋಕೆ ಹೋದ. ಅಣ್ಣ ತಮ್ಮನ ಕಾಲಿಗೆ ಬೀಳಬಾರದು ಅಂತ ಹಿಡಿದು ನಿಲ್ಲಿಸಿದೆ.” ಅವನು ಕೆಮ್ಮಿದ, ಬಾಯಿ ಒರೆಸಿಕೊಂಡ. “ಆಮೇಲೆ ಆಚೆ ಹೋಗು ಅಂದೆ.”