ಅವಳ ದಿನಚರಿಯಲ್ಲಿ ಅವನ ಹೆಸರು

ಹಡಗು ಹತ್ತಿದ ಹನ್ನೊಂದನೇ ದಿನ ಪ್ಯಾಸ್ಕೋ ಯೂರೆನ್‌ಗೆ ಒಂದು ಪುಸ್ತಕದ ಮೇಲೆ ಹೊಟ್ಟೆಕಿಚ್ಚು ಹುಟ್ಟಿತು.

ಕಂದು ರಟ್ಟಿನ ಪುಸ್ತಕ, ಅಂಗೈಗಿಂತ ತುಸು ದೊಡ್ಡದು. ಮಧ್ಯಾಹ್ನದ ಊಟದ ತಟ್ಟೆ ತೊಳೆದಿಟ್ಟ ಮೇಲೆ ಅವನ ಹೆಂಡತಿ ಥರ್ಜಾ ಡೆಕ್ಕಿಗೆ ಹೋಗಿ, ಸುತ್ತಿಟ್ಟ ಹಗ್ಗದ ಮೇಲೆ ಕುಳಿತು, ಅದನ್ನು ಮೊಣಕಾಲ ಮೇಲೆ ಬಿಚ್ಚುವಳು. ಪೆನ್ಸಿಲಿನ ತುದಿಯನ್ನು ತುಟಿಗೆ ಒತ್ತಿಕೊಂಡು ಒಂದು ಕ್ಷಣ ಸಮುದ್ರ ನೋಡುವಳು. ಆಮೇಲೆ ಬರೆಯತೊಡಗುವಳು. ಬರೆಯುವಾಗ ಅವಳ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು, ಮರುಕ್ಷಣ ಹುಬ್ಬು ಗಂಟಾಗುತ್ತಿತ್ತು, ಮತ್ತೆ ಏನೋ ನೆನೆದು ತುಟಿ ಕಚ್ಚುತ್ತಿದ್ದಳು.

ಆ ಮುಖವನ್ನು ಪ್ಯಾಸ್ಕೋ ದೂರದಿಂದಷ್ಟೇ ಕಂಡಿದ್ದ. ಅವನ ಎದುರಿಗೆ ಅವಳದು ಬೇರೆಯೇ ಮುಖ. ಗುರುತಿಲ್ಲದವರ ಮನೆಯಲ್ಲಿ ಎರಡು ದಿನಕ್ಕೆಂದು ಉಳಿದವಳ ಹಾಗೆ.

ಮದುವೆಯಾಗಿ ಎರಡು ತಿಂಗಳೂ ತುಂಬಿರಲಿಲ್ಲ. ಕಾರ್ನ್‌ವಾಲ್‌ನ ತಾಮ್ರದ ಗಣಿ ಮುಚ್ಚಿತ್ತು, ದಕ್ಷಿಣ ಆಸ್ಟ್ರೇಲಿಯಾದಲ್ಲಿ ಹೊಸ ಗಣಿಗಳು ತೆರೆದಿದ್ದವು. ಒಂದು ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚಾಪೆಲ್ಲಿನ ಹಿಂದೆ ಅವಳನ್ನು ನಿಲ್ಲಿಸಿ, "ನಾನು ಹೋಗ್ತಿದ್ದೀನಿ. ನೀನೂ ಬರ್ತೀಯಾ?" ಅಂದಿದ್ದ. ಅವಳು ಅವನ ಬೂಟುಗಳನ್ನೇ ನೋಡುತ್ತಾ ಹೂಂ ಅಂದಿದ್ದಳು. ಅಷ್ಟೇ ಅವರ ಪ್ರಣಯ. ಅವಳು ಚಾಪೆಲ್ಲಿನಲ್ಲಿ ಭಾನುವಾರದ ಪಾಠ ಹೇಳಿಕೊಡುತ್ತಿದ್ದವಳು. ಅವನು ಒಂಬತ್ತನೇ ವಯಸ್ಸಿಗೇ ನೆಲದಡಿಗೆ ಇಳಿದವನು. ಅಲ್ಲಿ ಸುತ್ತಿಗೆ ಮಾತಾಡುತ್ತಿತ್ತು, ಮನುಷ್ಯರಿಗೆ ಮಾತು ಬೇಕಿರಲಿಲ್ಲ.

ಹಡಗಿನಲ್ಲಿ ಮಾತು ಇನ್ನೂ ಕಷ್ಟವಾಯಿತು. ದಂಪತಿಗಳಿಗೆಲ್ಲ ಸಾಲಾಗಿ ಹಲಗೆಯ ಮಂಚ, ಮುಂದೊಂದು ಗೋಣಿಬಟ್ಟೆಯ ಪರದೆ. ಪಿಸುಗುಟ್ಟಿದರೂ ನಾಲ್ಕು ಸಂಸಾರಕ್ಕೆ ಕೇಳಿಸುತ್ತಿತ್ತು. ಬೆನ್ನಿಗೆ ಬೆನ್ನು ತಾಗುವಷ್ಟು ಹತ್ತಿರ ಮಲಗಿ, ಇಬ್ಬರೂ ಉಸಿರು ಬಿಗಿಹಿಡಿದಿರುತ್ತಿದ್ದರು.

ಹನ್ನೊಂದನೇ ದಿನ ಅವನು ಧೈರ್ಯಮಾಡಿ ಹಗ್ಗದ ಬಳಿ ಹೋದ.

"ಏನು ಬರೀತೀಯ?"

"ನೀವು ಗೊರಕೆ ಹೊಡೆಯೋದು."

"ಅಷ್ಟೊಂದು ಪುಟ ಬರೀ ಗೊರಕೆನಾ?"

"ಏನ್ಮಾಡ್ಲಿ, ದಿನಕ್ಕೊಂದು ರಾಗ ತೆಗೀತೀರಲ್ಲ." ಓರೆಗಣ್ಣಿನಿಂದ ಅವನನ್ನು ನೋಡಿದಳು. ಕೆನ್ನೆಯ ಗುಳಿ ಬಂದು ಹೋಯಿತು.

ಅವನಿಗೆ ಇನ್ನೇನೋ ಹೇಳಬೇಕೆನಿಸಿತು. ಹೊರಗೆ ಬಂದದ್ದು ಇಷ್ಟೇ: "ಯಾರಿಗೆ ಇದು?"

"ಅಮ್ಮನಿಗೆ." ಪುಸ್ತಕ ಮುಚ್ಚಿದಳು. ಗುಳಿಯೂ ಮುಚ್ಚಿಹೋಯಿತು.

ಮರುದಿನ ಬೆಳಗ್ಗೆ ಪ್ಯಾಸ್ಕೋ, ವೀಲ್ ಮೇಷ್ಟ್ರ ಮುಂದೆ ಟೋಪಿ ಕೈಲಿ ಹಿಡಿದು ನಿಂತಿದ್ದ. ವೀಲ್ ಒಬ್ಬ ಮುದುಕ ಪ್ರಯಾಣಿಕ. ಹೊತ್ತು ಹೋಗಲೆಂದು ಹಡಗಿನ ಮುಂಭಾಗದಲ್ಲಿ ಓದು ಬಾರದ ಗಂಡಸರಿಗೆ ಅಕ್ಷರ ಕಲಿಸುತ್ತಿದ್ದ.

"ಯಾಕಪ್ಪಾ, ಬೈಬಲ್ ಓದೋ ಆಸೆನಾ?"

"ಹೂಂ," ಅಂದ. ಥರ್ಜಾಳಿಗೂ ಸುಳ್ಳೇ ಹೇಳಿದ: "ಹಾಯಿ ಹೊಲಿಯೋಕೆ ಕೈ ಜೋಡಿಸ್ತಿದ್ದೀನಿ."

"ದಿನಾನೂನಾ?"

"ದಿನಾ ಹರೀತದಲ್ಲ."

ಅವಳು ಮುಂಜಾವೆಲ್ಲ ಒಬ್ಬಳೇ ಕಟಕಟೆಗೆ ಒರಗಿ ಸಮುದ್ರದ ಕಡೆ ಮುಖಮಾಡಿ ನಿಲ್ಲುತ್ತಿದ್ದಳು. ನೀಲಿ ಶಾಲಿನ ಅಂಚು ಗಾಳಿಗೆ ಪಟಪಟ ಬಡಿಯುವುದು ಅವನು ಕುಳಿತಲ್ಲಿಂದ ಕಾಣಿಸುತ್ತಿತ್ತು. ಸ್ಲೇಟಿನ ಮೇಲೆ ವಕ್ರವಕ್ರ ಅಕ್ಷರ ತಿದ್ದುತ್ತಾ ಅವನು ಅದನ್ನೇ ನೋಡುತ್ತಿದ್ದ. ಹತ್ತು ಮಾರು ದೂರ. ನಡೆದು ಹೋಗಿ ಪಕ್ಕದಲ್ಲಿ ನಿಲ್ಲಬಹುದಿತ್ತು. ಹೋಗಿ ಏನು ಹೇಳುವುದು? ಆ ಪುಸ್ತಕದಲ್ಲಿ ಏನಿದೆ ಎಂದು ತಿಳಿದರೆ ಮಾತು ತಾನಾಗಿ ಬರುತ್ತದೆ ಎಂದು ಅವನು ನಂಬಿದ್ದ.

ಅವನು ಮೊದಲು ಕಲಿತ ಪದ ತನ್ನ ಹೆಸರು.

ಭೂಮಧ್ಯರೇಖೆ ದಾಟಿದ ವಾರ ಬಟ್ಟೆ ಒಗೆಯುವ ದಿನ ಬಂತು. ಹೆಂಗಸರೆಲ್ಲ ಡೆಕ್ಕಿನ ಮೇಲಿದ್ದರು. ಪ್ಯಾಸ್ಕೋ ಪರದೆ ಎಳೆದುಕೊಂಡು, ದಿಂಬಿನಡಿ ಕೈ ಹಾಕಿದ. ಎದೆ ಡವಗುಟ್ಟುತ್ತಿತ್ತು. ಬಂಡೆಗೆ ಮದ್ದು ತುಂಬಿ ಬತ್ತಿ ಹಚ್ಚುವಾಗಲೂ ಅವನಿಗೆ ಹೀಗಾದದ್ದಿಲ್ಲ.

ಪುಟ ತೆರೆದರೆ ಅವನಿಗೆ ಏನೂ ತಿಳಿಯಲಿಲ್ಲ. ಮೇಷ್ಟ್ರು ಕಲಿಸಿದ್ದು ಅಚ್ಚಿನ ಅಕ್ಷರ. ಅವಳ ಕೈಬರಹ ಒಂದಕ್ಕೊಂದು ಹೆಣೆದ ಬಳ್ಳಿ. ಕಣ್ಣು ಕಿರಿದುಮಾಡಿ ನೋಡುತ್ತಾ ಹೋದಾಗ ಒಂದು ಕಡೆ ಅವನ ಹೆಸರು ಕಂಡಿತು. ಅದರ ಕೆಳಗಿನ ಸಾಲಿನಲ್ಲಿ ಇನ್ನೊಮ್ಮೆ. ಮೊದಲ ಪುಟದಲ್ಲಿ ನಾಲ್ಕು ಸಲ, ಎರಡನೆಯದರಲ್ಲಿ ಐದು! ಕಿವಿ ಬಿಸಿಯಾಯಿತು. ತಾನು ಇಷ್ಟೊಂದು ಸಲ ಅವಳ ಬೆರಳಿನಡಿ ಹಾದುಹೋಗಿದ್ದೇನೆ ಎಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಪುಟ ತಿರುವಿದ. ಹೆಸರು ತೆಳುವಾಗುತ್ತಾ ಬಂತು. ಮೂರು, ಆಮೇಲೆ ಒಂದು. ಆಮೇಲೆ ಇಡೀ ಒಂದು ವಾರ ಅವನು ಆ ಪುಸ್ತಕದಲ್ಲಿ ಇರಲೇ ಇಲ್ಲ.

ಅವನ ಹೆಸರು ಹೋದ ಜಾಗದಲ್ಲಿ ಇನ್ನೊಂದು ಪದ ಬಂದು ಕುಳಿತಿತ್ತು. ಮೊದಲಿಗೆ ಕಂಬದ ಹಾಗೆ ನೆಟ್ಟಗೊಂದು ಗೆರೆ, ನಡುವೆ ಅಂಥದೇ ಮತ್ತೊಂದು, ಕೊನೆಗೆ ಸಾಲಿನಿಂದ ಕೆಳಗಿಳಿದ ಬಾಲ. ಒಂದು ಪುಟದಲ್ಲಿ ಎರಡು ಸಲ. ಕೊನೆಯ ಪುಟದಲ್ಲಿ ಮೂರು ಸಲ.

ಯಾರಿವನು?

ನಾಲ್ಕು ದಿನ ಪ್ಯಾಸ್ಕೋಗೆ ಊಟ ರುಚಿಸಲಿಲ್ಲ. ಅವಳ ನೀರಿನ ಕ್ಯಾನು ಎತ್ತಿಕೊಟ್ಟಿದ್ದ ನಾವಿಕನನ್ನು ದುರುಗುಟ್ಟಿ ನೋಡಿದ. ಪಿಟೀಲು ಬಾರಿಸುವ ಕುಳ್ಳನನ್ನು ನೋಡಿದ. ಅವನಿಗೆ ಮೂರು ಮಕ್ಕಳಿದ್ದರು, ಆದರೂ ನೋಡಿದ. ಥರ್ಜಾ ಎಂದಿನಂತೆ ಅವನ ತಟ್ಟೆಗೆ ಬಟಾಣಿ ಗಂಜಿ ಬಡಿಸಿ, "ಸಾಕಾ?" ಎಂದು ಕೇಳುತ್ತಿದ್ದಳು. "ಸಾಕು," ಎನ್ನುತ್ತಿದ್ದ. ದಿನದ ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಐದನೆಯ ದಿನ ಆ ಪದದ ಆಕಾರವನ್ನು ಸ್ಲೇಟಿನ ಮೇಲೆ ಬಿಡಿಸಿ ವೀಲ್ ಮೇಷ್ಟ್ರ ಮುಂದೆ ಹಿಡಿದ.

"ಇದು ಯಾರ ಹೆಸರು ಮೇಷ್ಟ್ರೇ?"

ಮುದುಕ ಸ್ಲೇಟನ್ನು ಮೂಗಿನ ಹತ್ತಿರ ಹಿಡಿದ. "ಹೆಸರಲ್ಲಪ್ಪಾ. ಹೆಸರಾದ್ರೆ ದೊಡ್ಡ ಅಕ್ಷರದಿಂದ ಶುರುವಾಗತ್ತೆ ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ?"

"ಮತ್ತೆ?"

"ಒಂಟಿ. ಒಂಟಿ ಅಂತ ಬರೆದಿದೀಯ." ಸ್ಲೇಟು ಕೆಳಗಿಳಿಸಿ ಅವನ ಮುಖ ನೋಡಿದ ಮುದುಕ, ಬಯ್ಯುವುದನ್ನು ಅಷ್ಟಕ್ಕೇ ನಿಲ್ಲಿಸಿದ. "ಎಲ್ಲಿ ಸಿಕ್ತು ನಿಂಗೆ ಈ ಪದ?"

ಹತ್ತು ಮಾರಾಚೆ ನೀಲಿ ಶಾಲು ಗಾಳಿಗೆ ಬಡಿಯುತ್ತಿತ್ತು. ಎದುರಾಳಿ ಒಬ್ಬ ಗಂಡಸಾಗಿದ್ದರೆ ಹೊಡೆದಾಡಬಹುದಿತ್ತು.

ಎದ್ದು ಹೋಗಿ ಅವಳ ಪಕ್ಕ ನಿಂತ. ಕಟಕಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು, ನೀರಿಗೆ ಹೇಳುವವನ ಹಾಗೆ ಹೇಳಿದ: "ನಿನ್ನ ಪುಸ್ತಕ ತೆಗೆದು ನೋಡಿದೆ."

ಅವಳು ತಿರುಗಿದಳು. "ಏನು?"

"ಹಾಯಿ ಹೊಲೀತಿರ್ಲಿಲ್ಲ. ಓದು ಕಲೀತಿದ್ದೆ. ಅದರಲ್ಲಿ ಏನಿದೆ ಅಂತ ತಿಳ್ಕೊಬೇಕಿತ್ತು."

ಥರ್ಜಾಳ ಮುಖದ ಬಣ್ಣ ಇಳಿಯಿತು. "ಅಲ್ಲಿ ಕೆಳಗೆ ನನ್ನ ಕೂದಲು ಬಾಚೋದನ್ನೂ ಜನ ನೋಡ್ತಾರೆ. ನಾನು ಅತ್ರೆ ಪಕ್ಕದ ಮಂಚದವರು ಕೆಮ್ಮಿ ತೋರಿಸ್ತಾರೆ. ಇಡೀ ಹಡಗಲ್ಲಿ ನಂದು ಅಂತ ಇದ್ದಿದ್ದು ಅದೊಂದೇ ಜಾಗ. ಅದಕ್ಕೂ ನುಗ್ಗಿದ್ಯಾ ನೀನು?"

"ಅಮ್ಮನಿಗೆ ಅಂದಿದ್ದೆ..."

"ನನ್ನಮ್ಮನಿಗೆ ಓದೋಕೆ ಬರಲ್ಲ ಕಣೋ! ಯಾರಾದ್ರೂ ಒಂದು ಸಲ ಬಾಯಿಬಿಟ್ಟು ಏನಾಗಿದೆ ನಿಂಗೆ ಅಂತ ಕೇಳಿದ್ರೆ ನಾನ್ಯಾಕೆ ಬರೀತಿದ್ದೆ?"

ಅವಳು ಅವನನ್ನು ನೀನು ಎಂದು ಕರೆದದ್ದು ಅದೇ ಮೊದಲು. ಅದು ಅವನಿಗೆ ಹೊಳೆಯುವಷ್ಟರಲ್ಲಿ ಅವಳು ಮೆಟ್ಟಿಲಿಳಿದು ಹೋಗಿದ್ದಳು.

ಆಮೇಲಿನ ವಾರಗಳಲ್ಲಿ ಚಳಿ ಬಂತು. ಹಡಗು ದಕ್ಷಿಣಕ್ಕೆ ಇಳಿದಂತೆ ಅಲೆಗಳು ಗುಡ್ಡದಷ್ಟಾದವು, ಬಾಗಿಲು ಬಿಗಿದು ಜನರನ್ನೆಲ್ಲ ಒಳಗೆ ಕೂಡಿಹಾಕಿದರು. ಹಾಸಿಗೆ ಒದ್ದೆ, ಕಂಬಳಿ ಒದ್ದೆ. ಪುಸ್ತಕ ಪೆಟ್ಟಿಗೆ ಸೇರಿತ್ತು. ಅವಳು ಗೋಡೆಯ ಕಡೆ ಮುಖಮಾಡಿ ಮಲಗಿರುತ್ತಿದ್ದಳು. ಹಡಗು ವಾಲಿದಾಗೆಲ್ಲ ಅವಳ ಭುಜ ಅವನ ಎದೆಗೆ ಬಂದು ತಾಗುವುದು, ಮತ್ತೆ ದೂರ ಹೋಗುವುದು. ಕ್ಷಮಿಸು ಎಂಬ ಪದವನ್ನು ಮನಸ್ಸಿನಲ್ಲಿ ಎಷ್ಟು ಸಲ ಕಾಗುಣಿತ ಮಾಡಿದನೋ. ಬಾಯಿಗೆ ಮಾತ್ರ ಬರಲಿಲ್ಲ.

ಬಾಗಿಲು ಬಿಗಿದ ಆರನೆಯ ಬೆಳಗ್ಗೆ ಗಾಳಿ ಇಳಿಯಿತು. ಬಾಗಿಲು ತೆರೆದರು. ತಣ್ಣನೆಯ ಬಿಸಿಲಿಗೆ ಜನ ಹೊರಗೆ ಬಂದರು. ಹಡಗಿನ ಹಿಂದೆ ದೊಡ್ಡ ಬಿಳಿ ಹಕ್ಕಿಗಳು ರೆಕ್ಕೆ ಬಡಿಯದೆ ತೇಲುತ್ತಿದ್ದವು. ಪ್ಯಾಸ್ಕೋ ಒಬ್ಬನೇ ಒಂದು ಮರದ ದಿಮ್ಮಿಯ ಮೇಲೆ ಕುಳಿತಿದ್ದ. ಪಕ್ಕದಲ್ಲಿ ಸ್ಕರ್ಟಿನ ಸದ್ದಾಯಿತು. ಕಂದು ಪುಸ್ತಕ ಅವನ ತೊಡೆಯ ಮೇಲೆ ಬಂದು ಕುಳಿತಿತು.

"ಓದು," ಅಂದಳು.

"ಬೇಡ ಥರ್ಜಾ. ತಪ್ಪಾಯ್ತು. ಇನ್ಮೇಲೆ ಮುಟ್ಟಲ್ಲ."

"ಆವತ್ತು ನಾನು ಕೊಟ್ಟಿರ್ಲಿಲ್ಲ. ಇವತ್ತು ಕೊಡ್ತಿದ್ದೀನಿ. ಇಲ್ಲಿಂದ."

ಅವಳ ಬೆರಳು ತೋರಿದ ಕಡೆ ಅವನ ಗಡುಸು ಬೆರಳು ಹೋಯಿತು. ಒಂದೊಂದೇ ಅಕ್ಷರ ಕೂಡಿಸಿ, ತಡವರಿಸಿ, ಸಿಕ್ಕಿಹಾಕಿಕೊಂಡಲ್ಲಿ ಅವಳು ಮೆಲ್ಲಗೆ ಹೇಳಿಕೊಟ್ಟು, ನಾಲ್ಕು ಸಾಲಿಗೆ ಕಾಲು ಗಂಟೆ ಹಿಡಿಯಿತು.

"ಇವತ್ತು ನನಗೆ ತುಂಬ ವಾಂತಿಯಾಯಿತು. ಪ್ಯಾಸ್ಕೋ ಬೋಗುಣಿ ಹಿಡಿದು ಕುಳಿತಿದ್ದರು. ನನಗೆ ನಾಚಿಕೆಯಾಗಬಾರದೆಂದು ಮುಖ ಆಚೆ ತಿರುಗಿಸಿಕೊಂಡಿದ್ದರು. ಇಷ್ಟು ಒಳ್ಳೆಯವರು ನನ್ನನ್ನು ಏನಾದರೂ ಒಂದು ಮಾತು ಕೇಳಬಾರದೇ."

ತನ್ನ ವಾಕ್ಯ ಅವನ ಒರಟು ದನಿಯಲ್ಲಿ ಹೊರಬಂದದ್ದನ್ನು ಕೇಳಿ ಥರ್ಜಾ ಶಾಲಿನ ತುದಿಯಿಂದ ಕಣ್ಣೊತ್ತಿಕೊಂಡಳು. ಅವನು ಪುಸ್ತಕ ಮುಚ್ಚಿ ಅವಳ ಕೈಗೆ ಕೊಟ್ಟ.

"ಏನು ಕೇಳ್ಬೇಕಿತ್ತು?"

"ಏನಾದ್ರೂ."

ಅವನು ಅವಳ ಶಾಲಿನ ಒದ್ದೆ ಅಂಚು ನೋಡಿದ. "ಚಳಿ ಆಗ್ತಿದೆಯಾ?"

"ಆಗ್ತಿದೆ."

ಕೋಟಿನ ಗುಂಡಿ ಬಿಚ್ಚಿ, ಅದರ ಅರ್ಧ ಅವಳ ಹೆಗಲಿಗೆ ಹೊದಿಸಿದ. ಅವಳು ಒಳಗೆ ಸರಿದು ಕುಳಿತಳು. "ಇನ್ನೊಂದು ಕೇಳು."

"ನಂಗೆ ಯಾಕೆ ಹೂಂ ಅಂದೆ ಆವತ್ತು?"

"ನೀನು ಕೇಳಿದ ರೀತಿ ನೋಡಿ. ಪಾಪ, ಒಂದು ತಿಂಗಳಿಂದ ಬಾಯಿಪಾಠ ಮಾಡ್ಕೊಂಡು ಬಂದವನ ಹಾಗಿದ್ದೆ."

"ತಿಂಗಳಲ್ಲ," ಅಂದ. ಕಿವಿ ಕೆಂಪಗಾಗಿತ್ತು. "ಒಂದು ವರ್ಷ."

ಅವಳು ಕೋಟಿನೊಳಗಿಂದ ಕತ್ತೆತ್ತಿ ಅವನನ್ನು ನೋಡಿದಳು. ಇಷ್ಟು ಹತ್ತಿರದಿಂದ ಅವರಿಬ್ಬರೂ ಒಬ್ಬರ ಕಣ್ಣನ್ನೊಬ್ಬರು ಬೆಳಕಿನಲ್ಲಿ ಕಂಡಿರಲಿಲ್ಲ.

"ಒಂದು ವರ್ಷನಾ? ಆ ವರ್ಷವೆಲ್ಲ ಎಲ್ಲಿ ಬಚ್ಚಿಟ್ಕೊಂಡಿದ್ದೆ ಮಾರಾಯಾ?"

ಊಟದ ಗಂಟೆ ಬಡಿಯಿತು. ಜನ ತಟ್ಟೆ ಹಿಡಿದು ಕೆಳಗೆ ಓಡತೊಡಗಿದರು. ಡೆಕ್ಕು ಖಾಲಿಯಾಯಿತು, ಇಬ್ಬರೂ ಏಳಲಿಲ್ಲ.

"ಚಾಪೆಲ್ಲಲ್ಲಿ, ಕಂಬದ ಹಿಂದಿನ ಬೆಂಚಲ್ಲಿ," ಎಂದು ಪ್ಯಾಸ್ಕೋ ಶುರುಮಾಡಿದ. "ಫೆಬ್ರವರಿ ತಿಂಗಳು. ನೀನು ಹಾಡ್ತಾ ಇದ್ದೆ. ಮಧ್ಯದಲ್ಲಿ ಪದ ಮರೆತುಹೋಯ್ತು ನಿಂಗೆ, ಆದ್ರೂ ನಿಲ್ಲಿಸದೆ ಏನೋ ಸೇರಿಸಿ ಹಾಡಿಬಿಟ್ಟೆ. ಯಾರಿಗೂ ಗೊತ್ತಾಗ್ಲಿಲ್ಲ. ನಂಗೆ ಗೊತ್ತಾಯ್ತು..."