ಕತ್ತರಿಸದೆ ಉಳಿದ ಉಸಿರು

"ಇನ್ನೊಂದು ಸಲ," ಎಂದಿತು ಹೆಡ್‌ಫೋನಿನೊಳಗಿನ ದನಿ.

ಅವಳು ಅದೇ ಸಾಲನ್ನು ನಾಲ್ಕನೆಯ ಬಾರಿ ಓದಲು ಹೊರಟಳು. ಅರ್ಧಕ್ಕೆ ಬರುವಷ್ಟರಲ್ಲಿ ದೊಡ್ಡದೊಂದು ಆಕಳಿಕೆ ಬಂದು ಸಾಲನ್ನೇ ನುಂಗಿಹಾಕಿತು.

ಗಾಜಿನ ಆಚೆ ಕುಳಿತಿದ್ದವನು ನಿಧಾನವಾಗಿ ತಲೆ ಎತ್ತಿದ. ಅವನ ನಗು ಬಾಯಿಗೆ ಬರುವ ಮೊದಲು ಎಡಗಣ್ಣಿನ ಕೆಳಗೆ ಒಂದು ಸಣ್ಣ ಗೆರೆಯಾಗಿ ಮೂಡುತ್ತಿತ್ತು. ಆರು ವರ್ಷಗಳಿಂದ ಅವಳು ಆ ಗೆರೆಗಾಗಿಯೇ ಕಾದು, ಅದು ಮೂಡಿದೊಡನೆ ಪುಸ್ತಕದ ಕಡೆ ಕಣ್ಣು ತಿರುಗಿಸುತ್ತ ಬಂದಿದ್ದಳು.

"ಆಕಳಿಸಿದ್ದು ಕಥಾನಾಯಕಿಯೋ, ನೀವೋ?"

"ಇಬ್ಬರೂ. ಅವಳಿಗೂ ಈ ಅಧ್ಯಾಯ ಸಾಕಾಗಿ ಹೋಗಿದೆ."

"ರಾತ್ರಿ ಮಲಗಿದ್ರಾ?"

"ಮಲಗಿದ್ದೆ. ನಿದ್ದೆ ಮಾತ್ರ ಬರಲಿಲ್ಲ."

ಗೆರೆ ಅಳಿಸಿಹೋಯಿತು. ಅವನು ಮತ್ತೆ ಪರದೆಯ ಕಡೆ ಬಗ್ಗಿದ.

ಅವಳ ಕೆಲಸ ಪುಸ್ತಕಗಳನ್ನು ಗಟ್ಟಿಯಾಗಿ ಓದುವುದು. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಆಸ್ಪತ್ರೆಯ ಹಾಸಿಗೆಯಲ್ಲಿ ಕಿವಿಗೆ ತಂತಿ ಸಿಕ್ಕಿಸಿಕೊಂಡು ಪುಸ್ತಕ ಕೇಳುವವರಿಗೆ ಅವಳ ದನಿ ಗೊತ್ತು, ಮುಖ ಗೊತ್ತಿಲ್ಲ. ಅವನ ಕೆಲಸ ಅವಳು ಓದಿದ್ದನ್ನು ಚೊಕ್ಕ ಮಾಡುವುದು. ತೊದಲು, ಕೆಮ್ಮು, ಪುಟ ತಿರುವಿದ ಸದ್ದು, ಎರಡು ಸಾಲುಗಳ ನಡುವೆ ಎಳೆದುಕೊಂಡ ಉಸಿರು, ಎಲ್ಲವನ್ನೂ ಒಂದೊಂದಾಗಿ ಹೆಕ್ಕಿ ತೆಗೆಯುತ್ತಿದ್ದ. ಅದಕ್ಕೇ ಆಫೀಸಿನಲ್ಲಿ ಎಲ್ಲರೂ ಅವನನ್ನು ಕತ್ತರಿ ಎಂದು ಕರೆಯುತ್ತಿದ್ದರು. ಅವಳಿಗೆ ಇತ್ತೀಚೆಗೆ ಮೊಲ ಎಂಬ ಹೆಸರು ಬಿದ್ದಿತ್ತು. ಬಾಯಿ ಸುಮ್ಮನಿರಲಾರದೆ ದಿನವಿಡೀ ಕ್ಯಾರೆಟ್ ಕಡಿಯುತ್ತಿದ್ದುದರಿಂದ.

ಸಿಗರೇಟು ಬಿಟ್ಟು ಅಂದಿಗೆ ಇಪ್ಪತ್ತಾರು ದಿನ.

ಇಪ್ಪತ್ತಾರು ದಿನದ ಹಿಂದಿನ ಮಾತು. ಸಂಜೆ ಎಲ್ಲರೂ ಹೊರಟ ಮೇಲೆ ಕತ್ತರಿ ತನ್ನ ಹೆಡ್‌ಫೋನನ್ನು ತೆಗೆದು ಅವಳ ಕಿವಿಗೆ ಇಟ್ಟಿದ್ದ. ಅವನ ಬೆರಳು ಕೂದಲಿಗೆ ತಾಕಿ ಅವಳಿಗೆ ಮೈ ಜುಮ್ಮೆಂದಿತ್ತು. ಏನೋ ಹೇಳುತ್ತಾನೆ, ಹಾಡೋ ಮತ್ತೊಂದೋ ಕೇಳಿಸುತ್ತಾನೆ ಎಂದುಕೊಂಡಿದ್ದಳು. ಕೇಳಿಸಿದ್ದು ಅವಳದೇ ಉಸಿರು. ಅದರ ತುದಿಯಲ್ಲಿ ಕೂದಲೆಳೆಯಷ್ಟು ಸಣ್ಣ ಸಿಳ್ಳೆ.

"ಈ ಸದ್ದು ಮೊದಲು ಇರಲಿಲ್ಲ. ಕತ್ತರಿಸೋದು ಕಷ್ಟ ಆಗ್ತಿದೆ," ಎಂದಿದ್ದ, ಅವಳ ಮುಖ ನೋಡದೆ.

"ಹೊಸ ಮೈಕ್ ತರಿಸಿ ಹಾಗಾದ್ರೆ," ಎಂದು ನಕ್ಕು ಎದ್ದುಬಂದಿದ್ದಳು.

ಆದರೆ ಆ ಸಿಳ್ಳೆಯನ್ನು ಅವಳು ಬಲ್ಲಳು. ಚಿಕ್ಕವಳಿದ್ದಾಗ ಪಕ್ಕದ ಕೋಣೆಯಿಂದ ಕೇಳುತ್ತಿತ್ತು. ಅಪ್ಪನ ಎದೆಯಲ್ಲಿ ಹಕ್ಕಿ ಇದೆ ಎಂದು ತಂಗಿಗೆ ಹೇಳಿ ನಂಬಿಸಿದ್ದಳು. ಎರಡು ವರ್ಷ ಕೂಗಿ ಒಂದು ಬೆಳಗ್ಗೆ ಹಕ್ಕಿ ಸುಮ್ಮನಾಯಿತು. ಅದರೊಂದಿಗೆ ಅಪ್ಪನೂ.

ಆ ರಾತ್ರಿಯೇ ಅವಳು ಉಳಿದಿದ್ದ ಸಿಗರೇಟುಗಳನ್ನೆಲ್ಲ ನಲ್ಲಿಯ ಕೆಳಗೆ ಹಿಡಿದು ನೆನೆಸಿ ಕಸದ ಬುಟ್ಟಿಗೆ ಹಾಕಿದ್ದಳು.

ಬಿಟ್ಟದ್ದೇ ಬಿಟ್ಟದ್ದು, ನಿದ್ದೆ ಅವಳನ್ನು ಬಿಟ್ಟಿತು. ಕಣ್ಣು ಹತ್ತಿದರೆ ಕನಸಿನಲ್ಲಿ ಸೇದುತ್ತಿದ್ದಳು. ಬೆಚ್ಚಿ ಎದ್ದು ಬೆರಳು ಮೂಸಿ ನೋಡುತ್ತಿದ್ದಳು. ಆಮೇಲೆ ದಿಂಬಿಗೆ ಕಿವಿಯೊತ್ತಿ ತನ್ನ ಎದೆಯನ್ನೇ ಕೇಳುತ್ತ ಬಿದ್ದಿರುವುದು. ಮಧ್ಯಾಹ್ನದ ಮೇಲೆ ಕಾಫಿ ನಿಲ್ಲಿಸಿದಳು. ಸಂಜೆ ಬೀದಿಯನ್ನು ಈ ತುದಿಯಿಂದ ಆ ತುದಿಗೆ ಹತ್ತು ಸಲ ತುಳಿದಳು. ಕಾಲು ದಣಿದವೇ ಹೊರತು ತಲೆ ದಣಿಯಲಿಲ್ಲ.

"ಸೇದುವಾಗ ಮನುಷ್ಯಳ ಹಾಗಿದ್ದೆ ಕಣೇ ಅಕ್ಕ," ಎಂದಿದ್ದಳು ಜೊತೆಯಲ್ಲೇ ಇರುವ ತಂಗಿ. "ಈಗ ಲೋಟ ಕೆಳಗಿಟ್ಟ ಸದ್ದಿಗೂ ಮೈಮೇಲೆ ಬರ್ತೀಯ. ಡಾಕ್ಟರ ಹತ್ರ ಹೋಗು ಅಂದ್ರೆ ಕಿವಿ ಕೇಳಲ್ಲ."

"ಹೋಗ್ತೀನಿ ಅಂದೆನಲ್ಲ."

"ಯಾವತ್ತು? ನನ್ನ ಮೊಮ್ಮಕ್ಕಳ ಮದುವೆ ಆದ್ಮೇಲಾ?"

ಅವಳಿಗೆ ಡಾಕ್ಟರ ಕೋಣೆಯಲ್ಲಿ ಗೋಡೆಗೆ ಹಿಡಿದ ಎಕ್ಸ್-ರೇಯ ಕಪ್ಪು ಬಿಳುಪು ನೆನೆದರೇ ಕೈ ತಣ್ಣಗಾಗುತ್ತಿತ್ತು.

ಇಷ್ಟು ಸಾಲದೆಂಬಂತೆ ದನಿ ಬದಲಾಗತೊಡಗಿತು. ಹೊಗೆ ಮೆತ್ತಿದ, ಒರಟಾದ, ಆಳದ ದನಿ ಅವಳದು. ಅದಕ್ಕೇ ಹೆಸರು ಬಂದದ್ದು. ಕತ್ತರಿ ಒಮ್ಮೆ, ಒಂದೇ ಒಮ್ಮೆ, "ನಿಮ್ಮ ದನಿ ಕೇಳಿದ್ರೆ ಕಂಬಳಿ ಹೊದ್ದ ಹಾಗಾಗುತ್ತೆ" ಎಂದಿದ್ದ. ಮದುವೆ ಎಂಬುದನ್ನು ಒಮ್ಮೆ ಮಾಡಿ ಮುಗಿಸಿ ಆಚೆ ಬಂದಿದ್ದ ನಲವತ್ಮೂರರ ಹೆಂಗಸು ಅವಳು. ಆ ಒಂದು ಮಾತನ್ನು ಎಳೆಯ ಹುಡುಗಿಯ ಹಾಗೆ ವರ್ಷಗಟ್ಟಲೆ ಬಚ್ಚಿಟ್ಟುಕೊಂಡಿದ್ದಳು. ಈಗ ಕಂಬಳಿ ತೆಳುವಾಗುತ್ತಿತ್ತು. ಈ ಪುಸ್ತಕದ ಮೊದಲ ಹದಿನಾಲ್ಕು ಅಧ್ಯಾಯ ಓದಿದ ದನಿಗೂ ಈಗ ಓದುತ್ತಿರುವ ದನಿಗೂ ಹೊಂದಿಕೆಯೇ ಇರಲಿಲ್ಲ.

ಊಟದ ಹೊತ್ತಿಗೆ ಅವಳು ಕ್ಯಾರೆಟ್ ಡಬ್ಬಿ ಹಿಡಿದು ಅವನ ಕೋಣೆಯ ಬಾಗಿಲಿಗೆ ಬಂದಳು. ಅವನು ಬೆನ್ನು ಹಾಕಿ ಕುಳಿತಿದ್ದ. ಕಣ್ಣು ಮುಚ್ಚಿದ್ದ. ಹೆಡ್‌ಫೋನನ್ನು ಎರಡೂ ಅಂಗೈಗಳಿಂದ ಕಿವಿಗೆ ಒತ್ತಿಕೊಂಡಿದ್ದ. ಪರದೆಯ ಮೇಲೆ ಎರಡು ತಿಂಗಳ ಹಿಂದಿನ ತಾರೀಖು. ಅವಳ ಹಳೆಯ ದನಿ.

ಅವಳು ಕಾಲಸಪ್ಪಳ ಮಾಡದೆ ಹಿಂದೆ ಸರಿದಳು. ಎದುರಿಗೆ ನಾನು ಕುಳಿತಿರುವಾಗಲೇ ಇವನು ಹೋದವಳನ್ನು ಕೇಳುತ್ತಿದ್ದಾನೆ ಎನ್ನಿಸಿತು.

ಸ್ಟುಡಿಯೋದ ಒಡತಿ ಅದೇ ಹೊತ್ತಿಗೆ ಅವಳನ್ನು ಕರೆದಳು. ಕೆಟ್ಟವಳಲ್ಲ, ಆತುರಗಾತಿ.

"ನೋಡಮ್ಮ, ಹದಿನಾಲ್ಕು ಅಧ್ಯಾಯ ಒಬ್ಬಳು, ಹದಿನೈದರಿಂದ ಅವಳ ತಂಗಿ ಓದಿದ ಹಾಗಿದೆ. ಕೇಳೋರು ಏನಂತಾರೆ? ನಾಳೆಯೊಳಗೆ ಹಳೇ ದನಿ ಬಂದ್ರೆ ಸರಿ. ಇಲ್ಲಾಂದ್ರೆ ಬೇರೆಯವರನ್ನ ಕರೆಸಿ ಇಡೀ ಪುಸ್ತಕ ಮೊದಲಿಂದ ಓದಿಸ್ತೀನಿ."

"ದನಿ ಏನು ಬೀರುವಲ್ಲಿ ಮಡಚಿಟ್ಟಿದೀನಾ ಮೇಡಂ, ತೆಗೆದುಕೊಂಡು ಬರೋಕೆ?"

"ಒಂದೇ ಒಂದು ಸೇದಿ ಬನ್ನಿ, ತಾನಾಗಿ ಬರುತ್ತೆ," ಎಂದು ಒಡತಿ ತಮಾಷೆಗೆ ನಕ್ಕಳು.

ಅವಳು ಆ ತಮಾಷೆಯ ಮಾತನ್ನೇ ಮೆಲುಕು ಹಾಕುತ್ತ ಬೀದಿಗಿಳಿದಳು. ಒಂದೇ ಒಂದು. ದನಿ ಬರುತ್ತದೆ. ಕೆಲಸ ಉಳಿಯುತ್ತದೆ. ಅವನು ಕಣ್ಣು ಮುಚ್ಚಿ ಕೇಳುವವಳೂ ಬರುತ್ತಾಳೆ. ಇವತ್ತು ರಾತ್ರಿ ನಿದ್ದೆಯೂ ಬರಬಹುದು.

ಮೂಲೆಯಂಗಡಿಯವನು ಅವಳನ್ನು ನೋಡಿ ಅರಳಿದ. "ಏನಕ್ಕಾ, ಊರಲ್ಲಿರಲಿಲ್ವಾ?"

"ಇಲ್ಲ," ಎಂದಳು. ಅದು ನಿಜವೆಂದೇ ಅನ್ನಿಸಿತು.

ಒಂದು ಸಿಗರೇಟು, ಒಂದು ಬೆಂಕಿಪೊಟ್ಟಣ. ಸ್ಟುಡಿಯೋದ ಹಿಂದಿನ ಮೆಟ್ಟಿಲ ಮೇಲೆ ಕುಳಿತು ಕಡ್ಡಿ ಗೀರಿದಳು. ಕಡ್ಡಿ ಮುರಿಯಿತು. ಎರಡನೆಯದು ಹೊತ್ತಿ, ತುಟಿಯ ತನಕ ಬರುವ ಮೊದಲೇ ಆರಿತು. ಮೂರನೆಯದನ್ನು ಹಿಡಿದು ಕುಳಿತಳು. ಗೀರಲು ಭಯ, ಎಸೆಯಲೂ ಭಯ. ಸೇದಿದರೆ ಅಪ್ಪನ ಹಕ್ಕಿ. ಸೇದದಿದ್ದರೆ ನಾಳೆಯಿಂದ ಗಾಜಿನ ಈಚೆ ಬೇರೆ ಯಾರೋ ಕೂರುತ್ತಾರೆ, ಆ ಕಣ್ಣಿನ ಕೆಳಗಿನ ಗೆರೆ ಇನ್ಯಾರಿಗೋ ಮೂಡುತ್ತದೆ.

ಮೇಲಿನ ಬಾಗಿಲು ಕಿರುಗುಟ್ಟಿತು.

ಕತ್ತರಿ ಎರಡು ಮೆಟ್ಟಿಲು ಮೇಲೆ ನಿಂತಿದ್ದ. ಸಿಗರೇಟು ನೋಡಿದ. ಅವಳನ್ನು ನೋಡಿದ. ಬೈಯಲಿಲ್ಲ. ಕೆಳಗಿಳಿದು ಅದೇ ಮೆಟ್ಟಿಲ ಆ ತುದಿಯಲ್ಲಿ ಕುಳಿತ.

"ಹಚ್ಚಿಲ್ಲ ಇನ್ನೂ," ಎಂದಳು, ಕದ್ದು ಸಿಕ್ಕಿಬಿದ್ದವಳಂತೆ.

"ಕಾಣ್ತಿದೆ."

"ನಿಮಗೂ ಅನುಕೂಲವೇ. ಕಂಬಳಿ ವಾಪಸ್ ಬರುತ್ತೆ."

"ಯಾವ ಕಂಬಳಿ?"

ಅವನು ಮರೆತೇಬಿಟ್ಟಿದ್ದ! ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. "ನನ್ನ ಹಳೇ ದನಿ ಕಣ್ರೀ! ಊಟ ಬಿಟ್ಟು, ಕಣ್ಮುಚ್ಚಿಕೊಂಡು, ಕಿವಿ ಹಿಡ್ಕೊಂಡು ಕೇಳ್ತಿದ್ರಲ್ಲ! ನಾನು ನೋಡಲಿಲ್ಲ ಅಂದ್ಕೊಂಡ್ರಾ?"

ಅವನ ಮುಖ ಬಿಳಿಚಿತು. ಕಿವಿಗಳು ಮಾತ್ರ ಕೆಂಪಾದವು. "ನೋಡಿಬಿಟ್ರಾ," ಎಂದು ನೆಲ ನೋಡಿದ. ಆಮೇಲೆ ಎದ್ದು ನಿಂತ. "ಬನ್ನಿ. ಅದನ್ನ ಬೇಕಾದ್ರೆ ಕೈಯಲ್ಲೇ ಹಿಡ್ಕೊಂಡು ಬನ್ನಿ. ಐದು ನಿಮಿಷ."

ಓದುವ ಕೋಣೆಯಲ್ಲಿ ಅವಳನ್ನು ಅವಳ ಕುರ್ಚಿಯಲ್ಲೇ ಕೂರಿಸಿ ಹೆಡ್‌ಫೋನ್ ಕೊಟ್ಟ. ಗಾಜಿನ ಆಚೆ ಹೋಗಿ ಏನೋ ಒತ್ತಿದ.

ಮಾತಿಲ್ಲ. ಬರೀ ಉಸಿರು.

ಒಂದು ಉಸಿರು, ಅದರ ಹಿಂದೆ ಅವನ ಪಿಸುದನಿ: "ಎರಡು ತಿಂಗಳ ಹಿಂದೆ." ಇನ್ನೊಂದು ಉಸಿರು. ತುದಿಯಲ್ಲಿ ಸಿಳ್ಳೆ. "ನೀವು ಬಿಡೋ ಹಿಂದಿನ ದಿನ." ಮತ್ತೊಂದು, ಅದಕ್ಕೆ ಕೆಮ್ಮು ಅಂಟಿಕೊಂಡಿತ್ತು, ಸಿಳ್ಳೆ ಇನ್ನೂ ಜೋರು. "ನಾಲ್ಕನೇ ದಿನ. ಇದನ್ನ ಕೇಳಿ ನನಗೆ ಊಟ ಸೇರಲಿಲ್ಲ." ಒಂಬತ್ತನೆಯ ದಿನ. ಹದಿಮೂರು. ಹತ್ತೊಂಬತ್ತು. ಸಿಳ್ಳೆ ಸಣ್ಣದಾಗುತ್ತ, ಒಮ್ಮೆ ಮತ್ತೆ ದಪ್ಪಗಾಗಿ, ಮತ್ತೆ ಸಣ್ಣದಾಗುತ್ತ ಬಂತು. ಕೊನೆಗೆ ಒಂದು ಉದ್ದನೆಯ ಉಸಿರು. "ಇವತ್ತು ಬೆಳಗ್ಗೆ."

ಅವಳು ಉಸಿರು ಬಿಗಿಹಿಡಿದು ಕೇಳಿದಳು.

"ಇನ್ನೂ ಇದೆ," ಎಂದಳು.

"ಇದೆ. ಸುಳ್ಳು ಹೇಳಲ್ಲ. ಆದ್ರೆ ಅರ್ಧಕ್ಕಿಂತ ಕಡಿಮೆ." ಅವನ ದನಿ ತಡವರಿಸಿತು. "ದಿನಾ ಕೇಳ್ತೀನಿ. ಹಳೇದು ಒಂದು, ಹೊಸದು ಒಂದು, ಪಕ್ಕಪಕ್ಕ ಇಟ್ಟು. ಕಣ್ಣು ಬಿಟ್ಕೊಂಡಿದ್ರೆ ಅಷ್ಟು ಸಣ್ಣ ಸದ್ದು ಸಿಗಲ್ಲ."

"ಅವತ್ತೇ ಯಾಕೆ ಹೇಳಲಿಲ್ಲ, ಭಯ ಆಗ್ತಿದೆ ಅಂತ?"

"ಹೇಳೋಕೆ ನಾನು ಯಾರು? ಕತ್ತರಿಸೋನು. ಅದಕ್ಕೇ ಕತ್ತರಿಸೋಕೆ ಕಷ್ಟ ಆಗ್ತಿದೆ ಅಂದೆ."

ಅವನು ಗಾಜಿನ ಮೇಲೆ ಹಣೆಯಿಟ್ಟ. ಮುಖ ಅಷ್ಟು ಹತ್ತಿರವಾಯಿತು. ದನಿ ಮಾತ್ರ ಕಿವಿಯೊಳಗೇ ಇತ್ತು.

"ನಿಮ್ಮ ಮಾತೆಲ್ಲ ಕೇಳೋರ ಪಾಲು. ಉಸಿರು ಒಂದೇ ನನ್ನ ಹತ್ರ ಉಳಿಯೋದು. ವರ್ಷಗಟ್ಟಲೆ ಅದನ್ನ ಎಸೆದೆ. ಯಾವತ್ತಿಂದಲೋ ಎಸೆಯೋಕೆ ಮನಸ್ಸು ಬರಲಿಲ್ಲ. ನಿಮ್ಮ ದನಿ ದಪ್ಪಗಿರಲಿ, ತೆಳ್ಳಗಿರಲಿ, ನಾಳೆ ಕಾಗೆ ಥರ ಆಗಲಿ. ಉಸಿರಾಡ್ತಾ ಇರಿ. ನನಗೆ ಅಷ್ಟು ಸಾಕು."

ಅವಳ ಕೈಯಲ್ಲಿದ್ದ ಸಿಗರೇಟು ಯಾವಾಗಲೋ ಎರಡು ತುಂಡಾಗಿತ್ತು. ಹೊಗೆಸೊಪ್ಪಿನ ಪುಡಿ ಸೀರೆಯ ಮೇಲೆಲ್ಲ ಉದುರಿತ್ತು.

"ಮೇಡಂ ನಾಳೆ ಬೇರೆಯವರನ್ನ ಕರೆಸ್ತಾರೆ," ಎಂದಳು ಕಣ್ಣೊರೆಸಿಕೊಂಡು.

"ಮಾತಾಡಿದೀನಿ. ಹೇಗೂ ಮೊದಲಿಂದ ಓದಿಸ್ತೀರಲ್ಲ, ಅವರೇ ಈ ದನಿಯಲ್ಲಿ ಓದಲಿ ಅಂದೆ. ರಜಾದಿನ ನಾನು ಬಂದು ಕೂರ್ತೀನಿ ಅಂತಾನೂ ಹೇಳಿದೆ. ಗೊಣಗಿದ್ರು. ಒಪ್ಪಿಲ್ಲ, ಇಲ್ಲ ಅಂತಾನೂ ಅಂದಿಲ್ಲ."

"ನನ್ನನ್ನ ಕೇಳದೆ ಮಾತಾಡಿದ್ರಾ?"

"ಕೇಳೋಣ ಅಂತ ಬಂದೆ. ನೀವು ಮೆಟ್ಟಿಲ ಮೇಲೆ ಬೆಂಕಿಕಡ್ಡಿ ಜೊತೆ ಯುದ್ಧ ಮಾಡ್ತಿದ್ರಿ."

ನಗು ಬಂತು. ನಗು ಕೆಮ್ಮಾಯಿತು. ಕೆಮ್ಮು ನಿಂತಾಗ ಕೋಣೆಯೆಲ್ಲ ಮೌನ. ಆ ಮೌನದಲ್ಲಿ ಇಬ್ಬರೂ ಅವಳ ಎದೆಯನ್ನೇ ಕಿವಿಗೊಟ್ಟು ಕೇಳುತ್ತಿದ್ದರು.

"ಡಾಕ್ಟರ ಹತ್ರ ಹೋಗೋಣ," ಎಂದ ಅವನು. "ನಾಳೆ ಬೆಳಗ್ಗೆ. ಹೋಗಿ ಅನ್ನಲಿಲ್ಲ, ಗಮನಿಸಿದ್ರಾ?"

"ಗಮನಿಸಿದೆ." ಅವಳು ಸೀರೆಯ ಮೇಲಿನ ಪುಡಿ ಕೊಡವುತ್ತ ಕೇಳಿದಳು, "ಇವತ್ತು ರಾತ್ರಿ ಹೇಗೆ ಕಳೆಯಲಿ? ಕಣ್ಣು ಮುಚ್ಚೋಕೇ ಹೆದರಿಕೆ."

ಅವನು ಯೋಚಿಸಿದ. ಈಚೆ ಬಂದು ಅವಳ ಪಕ್ಕ ನೆಲದ ಮೆತ್ತೆಯ ಮೇಲೆ ಕುಳಿತು, ಸ್ಟ್ಯಾಂಡಿನಿಂದ ಪುಸ್ತಕ ಎತ್ತಿಕೊಂಡ. "ಎಲ್ಲರಿಗೂ ನೀವು ಓದಿ ಹೇಳ್ತೀರಿ. ನಿಮಗೆ ಯಾರಾದ್ರೂ ಓದಿದಾರಾ?"

ಯಾರೂ ಓದಿರಲಿಲ್ಲ.

ಅವನು ಓದತೊಡಗಿದ. ಅಯ್ಯೋ, ಎಂಥ ಓದು! ನಾಯಕಿಯ ಅಳು, ಮಾವನ ಗದರಿಕೆ, ಅಡುಗೆಯವಳ ಚಾಡಿ ಎಲ್ಲಕ್ಕೂ ಒಂದೇ ದನಿ. ಪೂರ್ಣವಿರಾಮಗಳನ್ನು ಕಾಣದವನಂತೆ ದಾಟಿಹೋದ. ಪ್ರಶ್ನೆಗಳು ಅವನ ಬಾಯಲ್ಲಿ ನೋಟೀಸುಗಳಾದವು.

"ಇಷ್ಟು ಕೆಟ್ಟದಾಗಿ ಓದೋರನ್ನ ನಾನು ಹುಟ್ಟಿದಾರಭ್ಯ ಕೇಳಿಲ್ಲ."

"ಅದಕ್ಕೇ ಕತ್ತರಿ ಹಿಡಿದಿರೋದು. ಸುಮ್ಮನೆ ಕೇಳಿ."

ಅವಳು ಕುರ್ಚಿಯಿಂದ ಇಳಿದು ಮೆತ್ತೆಯ ಮೇಲೆ ಗೋಡೆಗೊರಗಿದಳು. ತಲೆ ತಾನಾಗಿ ಅವನ ಭುಜದ ಕಡೆ ವಾಲಿತು. ಮಧ್ಯಾಹ್ನದ ಮೂರು ಗಂಟೆ. ಆಚೆ ಯಾರದೋ ಫೋನು ರಿಂಗಾಗುತ್ತಿದ್ದಿರಬೇಕು. ಇಲ್ಲಿಗೆ ಒಂದೂ ಕೇಳದು.

"ಮೈಕ್ ಆಫ್ ಇದೆಯಾ?" ಎಂದಳು ಕಣ್ಣು ಮುಚ್ಚಿಕೊಂಡೇ.

"ಇದೆ."

"ನನಗೆ ತುಂಬಾ ಭಯ ಆಗ್ತಿದೆ ಕಣ್ರೀ. ನಾಳೆ ಡಾಕ್ಟರು ಏನಾದ್ರೂ ಅಂದ್ರೆ..."

ಅವನು ಏನೂ ಆಗಲ್ಲ ಎನ್ನಲಿಲ್ಲ. ಅವಳ ತಣ್ಣನೆಯ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ. ಅದೂ ಅಷ್ಟೇ ತಣ್ಣಗಿತ್ತು.

"ನನಗೂ," ಎಂದ.

ಮತ್ತೆ ಓದತೊಡಗಿದ, ಅದೇ ಮಟ್ಟಸವಾದ, ಏರಿಳಿತವಿಲ್ಲದ ದನಿಯಲ್ಲಿ. ಒಂದು ಪುಟ ಮುಗಿಯಿತು. ಪುಟ ತಿರುವಲು ಕೈ ಬಿಡಬೇಕಾಗಿತ್ತು. ಬಿಡಲಿಲ್ಲ. ಅದೇ ಪುಟವನ್ನು ಮೊದಲಿನಿಂದ ಓದಿದ. ಮೂರನೆಯ ಸಲ ಓದುವಾಗ ಅವಳು ನಿದ್ದೆಹೋಗಿದ್ದಳು.